ಟ್ರಾವೆಲ್ ಟ್ರೇಲರ್‌ನ ಸ್ಟೆಪ್ನಿಗೆ ತಕ್ಕ ಜಾಗ

ಟ್ರಾವೆಲ್ ಟ್ರೇಲರ್ ಎಂದರೆ ಕಾರು ಅಥವಾ ಪಿಕಪ್ ಹಿಂದೆ ಎಳೆದೊಯ್ಯುವ ಗಾಲಿಮನೆ. ಅಮೆರಿಕದಲ್ಲಿ ಮಾರಾಟವಾಗುವ ಅನೇಕ ಟ್ರಾವೆಲ್ ಟ್ರೇಲರ್‌ಗಳಲ್ಲಿ ಸ್ಟೆಪ್ನಿಯನ್ನು ಹಿಂದಿನ ಬಂಪರ್‌ಗೆ ಬಿಗಿದಿರುತ್ತಾರೆ. ಕಣ್ಣಿಗೆ ಕಾಣುತ್ತದೆ, ಕೈಗೆ ಸುಲಭವಾಗಿ ಸಿಗುತ್ತದೆ, ನಿಜ. ಆದರೆ ಆ ಬಂಪರ್ ಸಾಮಾನ್ಯವಾಗಿ 4 ಇಂಚಿನ ಚೌಕಾಕಾರದ ತೆಳು ಉಕ್ಕಿನ ಕೊಳವೆ. ಕೊಳೆನೀರಿನ ಪೈಪನ್ನು ತುರುಕಿಡಲು ಅನುಕೂಲವೇ ಹೊರತು ಭಾರ ಹೊರಲು ಅಲ್ಲ. ರಿಮ್ ಸಹಿತ 15 ಇಂಚಿನ ಟ್ರೇಲರ್ ಟೈರು ಸುಮಾರು 22 ಕಿಲೋ ತೂಗುತ್ತದೆ, ಮತ್ತು ಪ್ರತಿ ಕುಲುಕಿಗೂ ಅದು ಕೊಳವೆಯನ್ನು ತಿರುಚುತ್ತ ಬೆಸುಗೆಯನ್ನು ಸಡಿಲಿಸುತ್ತದೆ. ನಮ್ಮ ಟ್ರೇಲರ್‌ನಲ್ಲಿ ಬೆಸುಗೆಯ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು, ಅದರಿಂದ ಇಳಿದ ತುಕ್ಕಿನ ಗೆರೆ ಕಂಡ ದಿನವೇ ಚಕ್ರವನ್ನು ಕೆಳಗಿಳಿಸಿದೆ. ಅಲ್ಲೇ ಇಡಲೇಬೇಕೆಂದಿದ್ದರೆ, ಭಾರವು ಬಂಪರ್ ಮೇಲಲ್ಲದೆ ಚಾಸಿಯ (ಟ್ರೇಲರ್‌ನ ಅಡಿಯ ಉಕ್ಕಿನ ಚೌಕಟ್ಟಿನ) ಮೇಲೆ ಬೀಳುವಂತೆ ಆಧಾರಪಟ್ಟಿಗಳನ್ನು ಹಾಕಿಸಬೇಕು.

ಭಾರ ಎಲ್ಲಿ ಕೂರುತ್ತದೆ ಎಂಬುದು ಇನ್ನೂ ಮುಖ್ಯ. ಟ್ರೇಲರ್‌ನ ಒಟ್ಟು ತೂಕದ ಶೇ. 10ರಿಂದ 15ರಷ್ಟು ಭಾಗ ಎಳೆಯುವ ವಾಹನದ ಹಿಚ್ (ಟ್ರೇಲರ್ ಸಿಕ್ಕಿಸುವ ಕೊಂಡಿ) ಮೇಲಿರಬೇಕು. ಅದಕ್ಕಿಂತ ಕಡಿಮೆಯಾದರೆ ಹೆದ್ದಾರಿಯ ವೇಗದಲ್ಲಿ ಟ್ರೇಲರ್ ಬಾಲ ಬೀಸತೊಡಗುತ್ತದೆ. ಹಿಚ್‌ನಿಂದ ಆಕ್ಸಲ್‌ಗೆ 4.5 ಮೀಟರ್, ಆಕ್ಸಲ್‌ನಿಂದ ಬಂಪರ್‌ಗೆ 3 ಮೀಟರ್ ಇದೆ ಎಂದಿಟ್ಟುಕೊಳ್ಳಿ. ಬಂಪರ್ ಮೇಲಿನ 22 ಕಿಲೋ ಹಿಚ್‌ನ ಭಾರವನ್ನು ಸುಮಾರು 15 ಕಿಲೋ ಇಳಿಸುತ್ತದೆ. ಅದೇ ಚಕ್ರವನ್ನು ಹಿಚ್‌ನಿಂದ ಒಂದು ಮೀಟರ್ ಹಿಂದೆ, ಮುಂಭಾಗದ ತ್ರಿಕೋನ ಚೌಕಟ್ಟಿನ ಮೇಲಿಟ್ಟರೆ ಸುಮಾರು 17 ಕಿಲೋ ಏರಿಸುತ್ತದೆ. ಆದ್ದರಿಂದ ನಿಮ್ಮ ವಾಹನದ ಹಿಚ್ ಮಿತಿಯಲ್ಲಿ ಇನ್ನೂ ಅವಕಾಶವಿದ್ದರೆ, ಸಣ್ಣ ಟ್ರೇಲರ್‌ಗೆ ಈ ಮುಂಭಾಗವೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಬಿಗಿಯುವ ಮೊದಲು ಅಲ್ಲೇ ಇರುವ ಪ್ರೊಪೇನ್ ಅನಿಲದ ಸಿಲಿಂಡರ್ ಬದಲಿಸಲು ಜಾಗ ಉಳಿಯುತ್ತದೆಯೇ, ಕಾರಿನ ಹಿಂಬಾಗಿಲು ಟೈರಿಗೆ ತಾಗದೆ ತೆರೆಯುತ್ತದೆಯೇ ಎಂದು ನೋಡಿಕೊಳ್ಳಿ. ಹಿಚ್ ಆಗಲೇ ಮಿತಿಯ ಅಂಚಿನಲ್ಲಿದ್ದರೆ ಈ ಜಾಗವನ್ನು ಮರೆತುಬಿಡಿ.

ಆಗ ಉಳಿಯುವುದು ಟ್ರೇಲರ್‌ನ ಅಡಿಭಾಗ. ಆಕ್ಸಲ್‌ಗೆ ಹತ್ತಿರವಾಗಿ ಚಾಸಿಗೆ ತೂಗುಹಾಕಿದರೆ ಸಮತೋಲ ಹೆಚ್ಚು ಕೆಡುವುದಿಲ್ಲ. ತೊಂದರೆಯಿರುವುದು ತೆಗೆಯುವಾಗ: ಟೈರು ಕುಸಿದ ಟ್ರೇಲರ್ ತಾನೂ ಕುಸಿದಿರುತ್ತದೆ, ಹಾಗಾಗಿ ನೆಲದ ಮೇಲೆ ಉಳಿದಿರುವ ಎಡೆಯಲ್ಲಿ ಚಕ್ರ ಹೊರಬರದೆ ಹೋಗಬಹುದು. ಜತೆಗೆ ಮಳೆ, ಕೆಸರು, ರಸ್ತೆಗೆ ಸುರಿದ ಉಪ್ಪು ಸೇರಿ ನಟ್ಟುಗಳು ಕಚ್ಚಿಕೊಳ್ಳುತ್ತವೆ. ವರ್ಷಕ್ಕೊಮ್ಮೆಯಾದರೂ ಬಿಚ್ಚಿ ಗ್ರೀಸ್ ಹಚ್ಚಿ.

ಪಿಕಪ್ ಇರುವವರು ಇಷ್ಟು ಯೋಚಿಸಬೇಕಿಲ್ಲ. ಅದರ ಹಿಂಭಾಗದಲ್ಲಿ ಮಲಗಿಸಿ ಪಟ್ಟಿಯಿಂದ ಬಿಗಿದರೆ ಸಾಕು. ಟ್ರೇಲರ್‌ನ ಹಿಂದಿನ ಏಣಿಗೆ ಮಾತ್ರ ಎಂದಿಗೂ ಕಟ್ಟಬೇಡಿ.

ಎಲ್ಲೇ ಇಟ್ಟರೂ ಬಿಸಿಲು ತಾಗದಂತೆ ಹೊದಿಕೆ ಹಾಕಿ, ಗಾಳಿಯ ವಾಲ್ವ್ ಕೈಗೆಟಕುವಂತೆ ಹೊರಮುಖವಾಗಿರಿಸಿ. ಟೈರಿನ ಪಕ್ಕದಲ್ಲಿರುವ DOT ಎಂಬ ಅಕ್ಷರಗಳಿಂದ ಶುರುವಾಗುವ ಸಂಕೇತದ ಕೊನೆಯ ನಾಲ್ಕು ಅಂಕೆ 2319 ಎಂದಿದ್ದರೆ ಅದು 2019ರ 23ನೇ ವಾರದ ಟೈರು. ಒಮ್ಮೆಯೂ ಉರುಳದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಕೊನೆಗೆ, ಪ್ರವಾಸಕ್ಕೆ ಮುನ್ನ ಮನೆಯಂಗಳದಲ್ಲೇ ಒಮ್ಮೆ ಸ್ಟೆಪ್ನಿಯನ್ನು ಬಿಚ್ಚಿ ನೋಡಿ, ಏಕೆಂದರೆ ಕಾರಿನ ವೀಲ್ ಸ್ಪ್ಯಾನರ್ ಟ್ರೇಲರ್‌ನ ನಟ್ಟಿಗೆ ಕೂರದಿರುವುದು ಅಪರೂಪವೇನಲ್ಲ.