ಡೇಟಿಂಗ್ ಏಜೆಂಟ್ ಹೆಸರಿನ ಮೋಸ: ಗುರುತಿಸುವುದು ಹೇಗೆ, ಹಣ ಹೋದ ಮೊದಲ ಗಂಟೆಯಲ್ಲಿ ಮಾಡಬೇಕಾದದ್ದೇನು

ಗಂಗಾವತಿಯಲ್ಲಿ ನಾನು ನಡೆಸುವ ಆನ್‌ಲೈನ್ ಸೇವೆಗಳ ಅಂಗಡಿಗೆ ಪಹಣಿ ತೆಗೆಸಲು, ಬೆಳೆ ವಿಮೆ ತುಂಬಿಸಲು, ನೇಮಕಾತಿ ಅರ್ಜಿ ಹಾಕಿಸಲು ದಿನವಿಡೀ ಜನ ಬರುತ್ತಾರೆ. ಅವರ ನಡುವೆ ಆಗಾಗ ಒಬ್ಬರು ಬಾಗಿಲ ಬಳಿಯೇ ನಿಂತು, ಅಂಗಡಿ ಖಾಲಿಯಾಗುವವರೆಗೆ ಕಾದು, ಆಮೇಲೆ ಒಳಗೆ ಬಂದು ತಗ್ಗಿದ ದನಿಯಲ್ಲಿ "ಅಣ್ಣಾರ, ಒಂದ್ ಕಂಪ್ಲೇಂಟ್ ತುಂಬೋದಿತ್ರಿ" ಎನ್ನುತ್ತಾರೆ. ಹಣ ಹೋದದ್ದು ಹೇಗೆಂದು ಕೇಳಿದರೆ ಉತ್ತರ ಬರಲು ಹೊತ್ತು ಹಿಡಿಯುತ್ತದೆ. ಫೋನ್ ತೆಗೆದು ನೋಡಿದರೆ ಅದರಲ್ಲಿ ಏನೂ ಉಳಿದಿರುವುದಿಲ್ಲ. ಹೆಂಡತಿ ನೋಡಿಯಾಳು, ಅಪ್ಪ ನೋಡಿಯಾನು, ರೂಮಿನ ಗೆಳೆಯರು ನೋಡಿಯಾರು ಎಂಬ ಭಯದಲ್ಲಿ ಇಡೀ ಚಾಟನ್ನು ಅವರೇ ಅಳಿಸಿ ಬಂದಿರುತ್ತಾರೆ. ಕಳೆದುಕೊಂಡ ಹಣಕ್ಕಿಂತ ನನಗೆ ಹೆಚ್ಚು ಸಂಕಟವಾಗುವುದು ಈ ಅಳಿಸಿದ ಚಾಟ್ ಕಂಡಾಗ. ಈ ಲೇಖನ ಬರೆಯಲು ಅದೇ ಕಾರಣ.

ಮೋಸದ ವೇಷಗಳು

ಟೆಲಿಗ್ರಾಂನಲ್ಲಿ ಬಳ್ಳಾರಿ, ರಾಯಚೂರು, ಕೊಪ್ಪಳ, ಹೊಸಪೇಟೆ ಎಂದು ಊರಿನ ಹೆಸರಿಟ್ಟುಕೊಂಡ ಡೇಟಿಂಗ್ ಗುಂಪುಗಳಿವೆ. ಎರಡು ಊರಿನ ಗುಂಪುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಅವೇ ಚಿತ್ರಗಳು, ಅದೇ ದರಪಟ್ಟಿ, ಅದೇ "ನೂರಕ್ಕೆ ನೂರು ನಂಬಿಕಸ್ತ ಸೇವೆ" ಎಂಬ ಸಾಲು ಕಾಣಿಸುತ್ತವೆ. ಬದಲಾಗಿರುವುದು ಊರಿನ ಹೆಸರೊಂದೇ. ತಾನು ಏಜೆಂಟ್ ಎಂದು ಹೇಳಿಕೊಳ್ಳುವವನು ಸ್ನೇಹಿತೆಯನ್ನು ಪರಿಚಯಿಸುವುದಾಗಿ ಹೇಳಿ ನೋಂದಣಿ ಶುಲ್ಕ ಕೇಳುತ್ತಾನೆ.

ಎರಡನೆಯ ವೇಷದಲ್ಲಿ ಕೆಲಸದ ಆಸೆ ಇರುತ್ತದೆ. ಶ್ರೀಮಂತ ಮಹಿಳೆಯರಿಗೆ ಜೊತೆ ನೀಡುವ ಕೆಲಸ, ದಿನಕ್ಕೆ ಸಾವಿರಾರು ರೂಪಾಯಿ ಸಂಪಾದನೆ, ಸೇರುವ ಮೊದಲು ಗುರುತಿನ ಚೀಟಿಗೆ ಸ್ವಲ್ಪ ಹಣ ಕಟ್ಟಬೇಕು ಎಂಬ ಸಂದೇಶವದು. ತೋರಣಗಲ್ಲಿನ ಕಾರ್ಖಾನೆಗಳ ಸುತ್ತ ಬಾಡಿಗೆ ಕೋಣೆಗಳಲ್ಲಿ ಒಂಟಿಯಾಗಿ ಉಳಿದ ಯುವಕರೂ ಕೆಲಸ ಹುಡುಕುತ್ತಿರುವ ಪದವೀಧರರೂ ಇದಕ್ಕೆ ಸುಲಭವಾಗಿ ಕಿವಿಗೊಡುತ್ತಾರೆ. ಹೆಣ್ಣುಮಕ್ಕಳಿಗೆ "ಮನೆಯಲ್ಲೇ ಕುಳಿತು ಚಾಟ್ ಮಾಡಿ ಸಂಪಾದಿಸಿ" ಎಂಬ ಸಂದೇಶ ಹೋಗುತ್ತದೆ. ಅವರಿಂದ ಪಡೆದ ಫೋಟೊ ಮತ್ತು ಆಧಾರ್ ಪ್ರತಿಯನ್ನೇ ಇನ್ನೊಬ್ಬರನ್ನು ಹಿಡಿಯುವ ಗಾಳಕ್ಕೆ ಎರೆಯಾಗಿ ಬಳಸುತ್ತಾರೆ. ಆದ್ದರಿಂದ ಚಿತ್ರದಲ್ಲಿ ಕಾಣುವ ಹೆಣ್ಣುಮಗಳನ್ನೇ ಕಳ್ಳಿಯೆಂದು ತೀರ್ಮಾನಿಸಿ ಅವಳ ಫೋಟೊವನ್ನು ಗುಂಪುಗಳಿಗೆ ಹಾಕಬೇಡಿ.

ಮೂರನೆಯದು ನಮ್ಮ ಕಡೆಯ ನೋವಿನ ಮೇಲೆಯೇ ಹುಟ್ಟಿಕೊಂಡದ್ದು. ಹೊಲವಿದ್ದೂ ಹೆಣ್ಣು ಸಿಗದೆ ಮೂವತ್ತು ದಾಟಿದ ರೈತರ ಮಕ್ಕಳಿಗೆ ವಾಟ್ಸ್‌ಆ್ಯಪ್‌ನಲ್ಲಿ ಹುಡುಗಿಯ ಫೋಟೊ ಕಳಿಸಿ, ಹುಡುಗಿ ನೋಡಲು ಬರುವ ಮೊದಲೇ ಪ್ರಯಾಣದ ಖರ್ಚು, ಜಾತಕದ ಖರ್ಚು, ತಾಯಿಯ ಆಸ್ಪತ್ರೆಯ ಖರ್ಚು ಎಂದು ವಸೂಲಿ ಮಾಡುವ ದಲ್ಲಾಳಿಗಳು ಇವರು. ವೇಷ ಬೇರೆಯಾದರೂ ಹಣ ಕೀಳುವ ಕ್ರಮ ಒಂದೇ.

ಗುರುತಿಸುವ ಕ್ರಮ

ಮೊದಲು ನಂಬರ್ ನೋಡಿ. +91 ಬಿಟ್ಟು +92, +84, +62, +254ರಂತಹ ಸಂಖ್ಯೆಯಿಂದ ಆರಂಭವಾಗುವ ನಂಬರಿನವರು ಕ್ರಮವಾಗಿ ಪಾಕಿಸ್ತಾನ, ವಿಯೆಟ್ನಾಂ, ಇಂಡೋನೇಷ್ಯಾ, ಕೀನ್ಯಾದ ಸಿಮ್ ಹೆಸರಿನಲ್ಲಿ ಖಾತೆ ತೆರೆದಿರುತ್ತಾರೆ. ಹಾಗೆಂದು +91 ಇದ್ದ ಮಾತ್ರಕ್ಕೆ ನಂಬುವಂತಿಲ್ಲ, ಏಕೆಂದರೆ ಬೇರೆಯವರ ದಾಖಲೆಯ ಮೇಲೆ ಪಡೆದ ಸಿಮ್‌ಗಳು ಈ ದಂಧೆಯಲ್ಲಿ ಸಾಮಾನ್ಯ. ಕರೆ ಮಾಡಿದವರ ಹೆಸರು ತೋರಿಸುವ ಆ್ಯಪ್‌ಗಳನ್ನು ನಂಬಿ ಕೂರುವುದೂ ತಪ್ಪು. ಅಲ್ಲಿ ಹೆಸರು ಬರುವುದು ಹೆಚ್ಚಾಗಿ ಜನ ತಮ್ಮ ಫೋನಿನಲ್ಲಿ ಉಳಿಸಿಕೊಂಡಿದ್ದನ್ನು ಆಧರಿಸಿ. "ನಂಬರ್ ಹಾಕಿದರೆ ಮನೆಯ ವಿಳಾಸ ತೋರಿಸುತ್ತೇವೆ" ಎನ್ನುವ ಆ್ಯಪ್‌ಗಳನ್ನಂತೂ ಫೋನಿಗೆ ಹಾಕಲೇಬೇಡಿ, ಅವು ನಿಮ್ಮ ಮಾಹಿತಿಯನ್ನೇ ಕದಿಯುತ್ತವೆ.

ಕಳಿಸಿದ ಫೋಟೊವನ್ನು ಗೂಗಲ್ ಲೆನ್ಸ್‌ನಲ್ಲಿ ಹಾಕಿ, ಅದೇ ಚಿತ್ರ ಬೇರೆ ಕಡೆ ಬೇರೆ ಹೆಸರಿನಲ್ಲಿ ಇದೆಯೇ ಎಂದು ಹುಡುಕಿ.

ಭಾಷೆಯನ್ನು ಗಮನಿಸಿ. "ಪ್ರಿಯ ಗ್ರಾಹಕರೇ, ನೀವು ಇಂದು ಸಭೆಯನ್ನು ಬಯಸುವಿರಾ" ಎಂದು ಬರೆಯುವವನು ಕಾರಟಗಿಯವನೂ ಅಲ್ಲ, ಸಿಂಧನೂರಿನವನೂ ಅಲ್ಲ. ಅದು ಯಂತ್ರ ಅನುವಾದಿಸಿದ ಕನ್ನಡ. ಊರಿನ ಪ್ರಶ್ನೆ ಕೇಳಿ ಪರೀಕ್ಷಿಸುತ್ತೇವೆ ಎಂದು ಕೆಲವರು ಹೇಳುತ್ತಾರೆ. ಈ ಉಪಾಯವನ್ನು ನಾನು ಒಪ್ಪುವುದಿಲ್ಲ. ರಾಯಚೂರಿನ ತೀನ್ ಕಂದಿಲ್ ಆಗಲಿ, ಬಳ್ಳಾರಿಯ ಗಡಿಗಿ ಚೆನ್ನಪ್ಪ ವೃತ್ತವಾಗಲಿ ಎಲ್ಲಿದೆಯೆಂದು ಮ್ಯಾಪ್ ತೆರೆದು ಅರ್ಧ ನಿಮಿಷದಲ್ಲಿ ಹೇಳಿಬಿಡಬಹುದು, ಸಾಣಾಪುರದ ಯಾವುದೋ ವಸತಿಗೃಹದ ಫೋಟೊವನ್ನು ಇಂಟರ್ನೆಟ್‌ನಿಂದ ತೆಗೆದು "ಇಲ್ಲೇ ರೂಮ್ ಬುಕ್ ಆಗಿದೆ" ಎಂದೂ ಕಳಿಸಬಹುದು. ವಿಡಿಯೊ ಕರೆಯಲ್ಲಿ ಮುಖ ಕಂಡಿತೆಂದು ನಂಬುವುದೂ ಬೇಡ, ಮೊದಲೇ ಚಿತ್ರೀಕರಿಸಿದ ವಿಡಿಯೊವನ್ನು ಓಡಿಸಿರುತ್ತಾರೆ.

ಚಾಟ್ ಆರಂಭವಾದ ಕೂಡಲೇ ಎದುರಿನವನು ಸಂದೇಶಗಳು ತಾವಾಗಿ ಮಾಯವಾಗುವ ಆಯ್ಕೆಯನ್ನು ಹಾಕಿದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಇದು 24 ಗಂಟೆ, 7 ದಿನ ಅಥವಾ 90 ದಿನಕ್ಕೆ ಇರುತ್ತದೆ, ಹಾಕಿದ್ದರ ಸೂಚನೆ ಚಾಟ್‌ನ ನಡುವೆ ಸಣ್ಣ ಅಕ್ಷರದಲ್ಲಿ ಬರುತ್ತದೆ. ಗುಟ್ಟು ಕಾಪಾಡಲು ಎಂದು ಅವನು ಹೇಳುತ್ತಾನೆ. ಅವನು ಕಾಪಾಡಿಕೊಳ್ಳುತ್ತಿರುವುದು ತನ್ನನ್ನು.

ಇಷ್ಟೆಲ್ಲ ಪರೀಕ್ಷೆಗೆ ಸಮಯವಿಲ್ಲದಿದ್ದರೆ ಒಂದನ್ನು ಮಾತ್ರ ಗಟ್ಟಿಯಾಗಿ ಹಿಡಿಯಿರಿ: ಮುಖಾಮುಖಿ ಭೇಟಿಗೆ ಮೊದಲು, ಯಾವ ಹೆಸರಿನಲ್ಲಾದರೂ, ಒಂದು ರೂಪಾಯಿ ಕೇಳಿದರೂ ಮಾತು ಅಲ್ಲಿಗೆ ನಿಲ್ಲಿಸಿ.

ಹಣ ಹೋಗುವ ಮೆಟ್ಟಿಲುಗಳು

ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವ ಹುಡುಗನೊಬ್ಬ ಒಂದು ಸಂಜೆ ನನ್ನ ಮುಂದೆ ಫೋನ್‌ಪೇ ತೆರೆದು ತೋರಿಸಿದ. ನೋಂದಣಿಗೆ 1,150 ರೂಪಾಯಿ. ಗುರುತಿನ ಚೀಟಿಗೆ 3,500. "ಭದ್ರತಾ ಠೇವಣಿ, ಭೇಟಿಯ ನಂತರ ಪೂರ್ತಿ ವಾಪಸ್" ಎಂದು 7,999. ಹಿಂದಿನ ಹಣ ವಾಪಸ್ ಬರಬೇಕಾದರೆ ಜಿಎಸ್‌ಟಿ ಕಟ್ಟಬೇಕೆಂದು 12,500. ಮಧ್ಯಾಹ್ನ ಎರಡು ಗಂಟೆಯಿಂದ ಐದರೊಳಗೆ ಒಟ್ಟು 25,149 ರೂಪಾಯಿ ಹೋಗಿತ್ತು. ದಿನವೂ ಮೂಟೆಗಳ ಲೆಕ್ಕವನ್ನು ಒಂದು ರೂಪಾಯಿ ತಪ್ಪದಂತೆ ಕೂಡಿಸುವ ಹುಡುಗ ಅವನು. ಅವನನ್ನು ದಡ್ಡನೆಂದು ಯಾರೂ ಕರೆಯಬಾರದು. ಮೊದಲ ಮೊತ್ತವನ್ನು ಅವನು ಕುತೂಹಲದಿಂದ ಕಟ್ಟಿದ್ದ, ಎರಡನೆಯದನ್ನು ಆಸೆಯಿಂದ. ಮೂರನೆಯದನ್ನೂ ನಾಲ್ಕನೆಯದನ್ನೂ ಕಟ್ಟಿದ್ದು ಮಾತ್ರ ಹಿಂದೆ ಹೋದ ಹಣವನ್ನು ಹೇಗಾದರೂ ಉಳಿಸಿಕೊಳ್ಳಬೇಕೆಂಬ ಒಂದೇ ತವಕದಿಂದ.

"ವಾಪಸ್ ಕೊಡುತ್ತೇವೆ" ಎಂಬ ಮಾತು ಬಂದಾಗಲೇ ನಿಲ್ಲಿಸುವುದು ಸರಿಯಾದ ಜಾಗ. ಹಣ ಹಿಂದಿರುಗಿಸಲು ಮುಂಚಿತವಾಗಿ ತೆರಿಗೆ ಕಟ್ಟಿಸಿಕೊಳ್ಳುವ ಪದ್ಧತಿ ಎಲ್ಲಿಯೂ ಇಲ್ಲ. ಯುಪಿಐ ಪಿನ್ ಒತ್ತುವುದು ಹಣ ಕಳಿಸಲು ಅಥವಾ ಬ್ಯಾಲೆನ್ಸ್ ನೋಡಲು ಮಾತ್ರ. ನಿಮಗೆ ಹಣ ಬರಬೇಕಾದರೆ ಪಿನ್ ಬೇಕಿಲ್ಲ. ಹಣ ಕಳಿಸುವ ಮೊದಲು ಪರದೆಯ ಮೇಲೆ ಬರುವ ಬ್ಯಾಂಕ್ ಖಾತೆದಾರರ ಹೆಸರನ್ನು ಓದುವ ಅಭ್ಯಾಸ ಮಾಡಿಕೊಳ್ಳಿ. ಆ ಹುಡುಗನ ನಾಲ್ಕು ಪಾವತಿಗಳೂ ನಾಲ್ಕು ಬೇರೆ ಬೇರೆ ಹೆಸರಿಗೆ ಹೋಗಿದ್ದವು, ಒಂದೂ ಏಜೆಂಟ್ ಹೇಳಿಕೊಂಡ ಹೆಸರಾಗಿರಲಿಲ್ಲ. ಕಮಿಷನ್ ಆಸೆಗೆ ಬಾಡಿಗೆ ಕೊಟ್ಟ ಖಾತೆಗಳು ಹೀಗೆ ಬಳಕೆಯಾಗುತ್ತವೆ. ಯಾರಾದರೂ ನಿಮ್ಮ ಪಾಸ್‌ಬುಕ್, ಎಟಿಎಂ ಕಾರ್ಡ್ ಬಾಡಿಗೆಗೆ ಕೇಳಿದರೆ ಕೊಡಬೇಡಿ, ಪೊಲೀಸರು ಮೊದಲು ಹುಡುಕಿಕೊಂಡು ಬರುವುದು ಖಾತೆದಾರನನ್ನೇ.

ಹಣ ಹೋದ ಮೇಲೆ: ಎಲ್ಲರೂ ತಪ್ಪುವ ಘಟ್ಟ

ಮೊದಲ ಕೆಲಸ, ಸುಮ್ಮನಿರುವುದು. ಬೈಯುವುದು, "ಪೊಲೀಸರಿಗೆ ಹೇಳುತ್ತೇನೆ" ಎಂದು ಹೆದರಿಸುವುದು ಬೇಡವೇ ಬೇಡ. ಟೆಲಿಗ್ರಾಂನ ಖಾಸಗಿ ಚಾಟ್‌ನಲ್ಲಿ ಎದುರಿನವನು ಯಾವಾಗ ಬೇಕಾದರೂ ಇಡೀ ಮಾತುಕತೆಯನ್ನು ನಿಮ್ಮ ಫೋನಿನಿಂದಲೂ ಅಳಿಸಿಹಾಕಬಲ್ಲ. ನೀವು ಕೋಪ ತೋರಿಸಿದ ಮರುಕ್ಷಣ ಅವನು ಮಾಡುವುದೂ ಅದನ್ನೇ. ಆದ್ದರಿಂದ ಅವನಿಗೆ ಅನುಮಾನ ಬರುವ ಮೊದಲು ಸ್ಕ್ರೀನ್‌ಶಾಟ್ ತೆಗೆಯಬೇಕು.

ಸ್ಕ್ರೀನ್‌ಶಾಟ್ ತೆಗೆಯುವುದಕ್ಕೂ ಕ್ರಮವಿದೆ. ಚಾಟ್‌ನ ಮೇಲ್ಭಾಗದಲ್ಲಿರುವ ಹೆಸರನ್ನು ಒತ್ತಿದರೆ ಪ್ರೊಫೈಲ್ ಪುಟ ತೆರೆಯುತ್ತದೆ. ಪೂರ್ತಿ ನಂಬರ್ ಕಾಣುವಂತೆ ಅದರದೊಂದು ಚಿತ್ರ ಮೊದಲು ಬೇಕು. ಟೆಲಿಗ್ರಾಂನಲ್ಲಿ ಮೇಲೆ ಕಾಣುವ ಹೆಸರನ್ನು ಯಾರು ಬೇಕಾದರೂ ಹೇಗೆ ಬೇಕಾದರೂ ಇಟ್ಟುಕೊಳ್ಳಬಹುದಾದ್ದರಿಂದ, ಪ್ರೊಫೈಲ್‌ನಲ್ಲಿ @ ಚಿಹ್ನೆಯ ಜೊತೆಗಿರುವ ಬಳಕೆದಾರ ಹೆಸರು ಕಡ್ಡಾಯವಾಗಿ ಚಿತ್ರದಲ್ಲಿರಬೇಕು. ಆಮೇಲೆ ಚಾಟ್‌ನ ಮೊದಲ ಸಂದೇಶದವರೆಗೆ ಮೇಲೆ ಹೋಗಿ, ದಿನಾಂಕ ಕಾಣುವಂತೆ, ಒಂದು ಚಿತ್ರದ ಕೊನೆಯ ಸಾಲು ಮುಂದಿನ ಚಿತ್ರದ ಮೊದಲ ಸಾಲಾಗುವಂತೆ ಕೆಳಗಿನವರೆಗೆ ತೆಗೆಯುತ್ತ ಬನ್ನಿ. ನಾಚಿಕೆಯಾಗುವ ಸಾಲುಗಳನ್ನು ಬಿಟ್ಟು ತೆಗೆದರೆ ಮಾತುಕತೆಯ ಕೊಂಡಿ ತಪ್ಪಿಹೋಗುತ್ತದೆ. ಟೆಲಿಗ್ರಾಂನ ಸೀಕ್ರೆಟ್ ಚಾಟ್, ವಾಟ್ಸ್‌ಆ್ಯಪ್‌ನ ಒಮ್ಮೆ ಮಾತ್ರ ನೋಡಬಹುದಾದ ಫೋಟೊಗಳಂಥವು ಸ್ಕ್ರೀನ್‌ಶಾಟ್‌ಗೆ ಸಿಗದಿದ್ದರೆ ಇನ್ನೊಂದು ಫೋನಿನಿಂದ ಪರದೆಯ ಫೋಟೊ ತೆಗೆಯಿರಿ. ಇದಕ್ಕೆಂದು ಹೊಸ ಆ್ಯಪ್ ಹಾಕಿಕೊಳ್ಳುವ ಅಗತ್ಯವಿಲ್ಲ.

ವಾಟ್ಸ್‌ಆ್ಯಪ್‌ನಲ್ಲಿ ಮೂರು ಚುಕ್ಕೆ ಒತ್ತಿ, ಮೋರ್ ಎಂಬಲ್ಲಿ ಎಕ್ಸ್‌ಪೋರ್ಟ್ ಚಾಟ್ ಆರಿಸಿದರೆ ಇಡೀ ಮಾತುಕತೆ ಒಂದು ಕಡತವಾಗಿ ಬರುತ್ತದೆ. ಅದನ್ನು ನಿಮ್ಮ ಇಮೇಲ್‌ಗೆ ಕಳಿಸಿಕೊಳ್ಳಿ. ಆ ಆಯ್ಕೆ ಕೆಲಸ ಮಾಡದಿದ್ದರೆ ಸ್ಕ್ರೀನ್‌ಶಾಟ್‌ಗಳೇ ಸಾಕು. ರಿಪೋರ್ಟ್ ಮಾಡುವುದು, ಬ್ಲಾಕ್ ಮಾಡುವುದು ಇವೆಲ್ಲದರ ನಂತರ. ರಿಪೋರ್ಟ್ ಒತ್ತಿದಾಗ ಚಾಟ್ ಅಳಿಸುವ ಆಯ್ಕೆಯೂ ಜೊತೆಗೇ ಬರುವುದರಿಂದ ಅದರ ಮುಂದಿನ ಟಿಕ್ ಗುರುತನ್ನು ತೆಗೆದು ಮುಂದುವರಿಯಿರಿ.

ಹಣದ ದಾಖಲೆಗೆ ಫೋನ್‌ಪೇ ಅಥವಾ ಗೂಗಲ್‌ಪೇ ಹಿಸ್ಟರಿಯಲ್ಲಿ ಪ್ರತಿ ಪಾವತಿಯನ್ನು ತೆರೆದು, 12 ಅಂಕಿಗಳ ವಹಿವಾಟು ಸಂಖ್ಯೆ, ಹಣ ಪಡೆದವರ ಹೆಸರು, ಯುಪಿಐ ಐಡಿ, ಸಮಯ ಇವಿಷ್ಟೂ ಕಾಣುವಂತೆ ಚಿತ್ರ ತೆಗೆಯಬೇಕು. ನಾನು ಬಂದವರ ಕೈಗೆ ಒಂದು ಬಿಳಿ ಹಾಳೆ ಕೊಟ್ಟು ಸಮಯ, ಮೊತ್ತ, ಸಂಖ್ಯೆ, ಯಾವ ಕಾರಣ ಹೇಳಿದ ಎಂದು ನಾಲ್ಕು ಕಲಂ ಎಳೆದು ಬರೆಸುತ್ತೇನೆ. ಕರೆ ಮಾಡಿದಾಗ ತಡವರಿಸದೆ ಹೇಳಲು ಈ ಹಾಳೆಯಷ್ಟು ಸಹಾಯ ಮಾಡುವುದು ಬೇರೊಂದಿಲ್ಲ.

ಹಾಳೆ ಕೈಯಲ್ಲಿದ್ದ ಕೂಡಲೇ ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಸ್ಕ್ರೀನ್‌ಶಾಟ್ ಪೂರ್ತಿಯಾಗಲು ಹೊತ್ತಾಗುವಂತಿದ್ದರೆ ವಹಿವಾಟು ಸಂಖ್ಯೆಗಳನ್ನಷ್ಟೇ ಹಿಡಿದು ಕರೆ ಮಾಡಿ, ಉಳಿದದ್ದು ಆಮೇಲಾಗಲಿ. ನಿಮ್ಮ ದೂರು ಹಣ ತಲುಪಿದ ಬ್ಯಾಂಕಿಗೆ ಹೋಗಿ, ಆ ಖಾತೆಯಲ್ಲಿ ಹಣ ಇನ್ನೂ ಉಳಿದಿದ್ದರೆ ಅದನ್ನು ತಡೆಹಿಡಿಯುತ್ತಾರೆ. ವಂಚಕರು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ದಾಟಿಸಿ ಎಟಿಎಂನಲ್ಲಿ ತೆಗೆದುಬಿಡುವುದರಿಂದ, "ನಾಳೆ ನೋಡೋಣ" ಎಂದವರ ಹಣ ಸಿಗುವುದು ಕಷ್ಟ. ಲೈನ್ ಸಿಗದಿದ್ದರೆ ಬಿಡದೆ ಮತ್ತೆ ಮತ್ತೆ ಮಾಡುತ್ತಿರಿ, ಜೊತೆಗೆ ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್ ತಾಣದಲ್ಲಿ ದೂರು ದಾಖಲಿಸಿ. ನಿಮ್ಮ ಬ್ಯಾಂಕಿಗೂ ತಿಳಿಸಬೇಕು. ಅದರ ನಂಬರನ್ನು ಎಟಿಎಂ ಕಾರ್ಡಿನ ಹಿಂಬದಿಯಿಂದ ತೆಗೆದುಕೊಳ್ಳಿ. ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಿ ಎರಡನೇ ಸಲ ಮೋಸಹೋದವರನ್ನು ನಾನು ಕಂಡಿದ್ದೇನೆ.

ದೂರಿನಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆಯಿರಿ. ಲೋನ್ ಆ್ಯಪ್, ಲಾಟರಿ ಎಂದು ಕಥೆ ಕಟ್ಟಿ ಬರೆಸಿ ಎಂದು ಕೇಳುವವರಿದ್ದಾರೆ, ನಾನು ಬರೆಯುವುದಿಲ್ಲ. ಸ್ಕ್ರೀನ್‌ಶಾಟ್ ಒಂದು ಹೇಳಿ ದೂರು ಇನ್ನೊಂದು ಹೇಳಿದರೆ ತನಿಖೆ ಅಲ್ಲಿಯೇ ಕುಂಟುತ್ತದೆ. ಬೇರೆಯವರ ಸೋಗು ಹಾಕಿ ಕಂಪ್ಯೂಟರ್ ಅಥವಾ ಫೋನ್ ಮೂಲಕ ವಂಚಿಸುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಂ ಪ್ರಕಾರ ಮೂರು ವರ್ಷಗಳವರೆಗೆ ಸೆರೆವಾಸಕ್ಕೆ ಗುರಿಯಾಗುವ ಅಪರಾಧ. ನಿಮ್ಮ ಮೇಲೆಯೇ ಏನಾದರೂ ಬಂದೀತೆಂಬ ಅಳುಕಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಕೀಲರನ್ನು ಕೇಳಿ, ಅವರ ಸಹಾಯವಾಣಿ 15100. ಅಳುಕಿನ ಕಾರಣಕ್ಕೆ ದೂರನ್ನೇ ಕೈಬಿಡಬೇಡಿ.

ಬೆದರಿಕೆ ಬಂದರೆ

ಹಣ ನಿಂತ ಮೇಲೆ ಬೆದರಿಕೆ ಶುರುವಾಗುತ್ತದೆ. ವಿಡಿಯೊ ಕರೆಯಲ್ಲಿ ಸೆರೆಹಿಡಿದದ್ದನ್ನೋ, ನಿಮ್ಮ ಮುಖವನ್ನು ಅಂಟಿಸಿ ತಯಾರಿಸಿದ ಚಿತ್ರವನ್ನೋ ಮನೆಯವರಿಗೆ ಕಳಿಸುತ್ತೇವೆ ಎನ್ನುತ್ತಾರೆ. ಸ್ವಲ್ಪ ಹೊತ್ತಿಗೆ ಸಮವಸ್ತ್ರದ ಫೋಟೊ ಹಾಕಿಕೊಂಡ ಇನ್ನೊಬ್ಬ, ತಾನು ದೆಹಲಿಯ ಅಧಿಕಾರಿಯೆಂದು ಹೇಳಿ, ಕೇಸ್ ಮುಚ್ಚಲು ಹಣ ಕೇಳುತ್ತಾನೆ. ಒಮ್ಮೆ ಕೊಟ್ಟರೆ ಅವರು ಇನ್ನಷ್ಟು ಕೇಳುತ್ತಾರೆಯೇ ಹೊರತು ಬಿಡುವುದಿಲ್ಲ. ಕೊಡಬೇಡಿ, ಬೆದರಿಕೆಯ ಸಂದೇಶಗಳನ್ನೂ ಅದೇ ಕ್ರಮದಲ್ಲಿ ಸೆರೆಹಿಡಿದು ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಜಿಲ್ಲೆಯ ಸೆನ್ ಪೊಲೀಸ್ ಠಾಣೆಗೆ ಹೋಗಿ. ಬೆದರಿಸಿ ಹಣ ಕೀಳುವುದು ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಂ ಕೆಳಗೆ ಪ್ರತ್ಯೇಕ ಅಪರಾಧ. ಮನೆಯಲ್ಲಿ ನಂಬಿಕೆಯ ಒಬ್ಬರಿಗೆ, ಅಣ್ಣನಿಗೋ ಅಕ್ಕನಿಗೋ, ಅಂದೇ ವಿಷಯ ಹೇಳಿಬಿಡಿ. ಹೇಳಿದ ಮೇಲೆ ಬೆದರಿಸುವವನ ಕೈಯಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ಆ ಗಿರಣಿಯ ಹುಡುಗ ಮೂರು ರಾತ್ರಿ ನಿದ್ದೆಗೆಟ್ಟು ಕೊನೆಗೆ ತನ್ನ ಅಕ್ಕನಿಗೆ ಹೇಳಿದ, ಅವಳೇ ಅವನನ್ನು ಕರೆದುಕೊಂಡು ನನ್ನ ಅಂಗಡಿಗೆ ಬಂದಳು. ಚಾಟ್ ಅಳಿಸಿರಲಿಲ್ಲ, ಅಷ್ಟು ಮಟ್ಟಿಗೆ ಒಳ್ಳೆಯದಾಯಿತು.

ಇನ್ನು ಸೆಟ್ಟಿಂಗ್‌ಗಳ ಮಾತು. ವಾಟ್ಸ್‌ಆ್ಯಪ್ ಮತ್ತು ಟೆಲಿಗ್ರಾಂ ಎರಡರಲ್ಲಿಯೂ ಪ್ರೈವಸಿಗೆ ಹೋಗಿ ಗುಂಪಿಗೆ ಸೇರಿಸುವ ಅವಕಾಶವನ್ನು ನಿಮ್ಮ ಸಂಪರ್ಕದವರಿಗೆ ಮಾತ್ರ ಇಡಿ, ವಾಟ್ಸ್‌ಆ್ಯಪ್‌ನಲ್ಲಿ ಅಪರಿಚಿತ ಕರೆಗಳನ್ನು ಮೌನವಾಗಿಸಿ, ಟೆಲಿಗ್ರಾಂನಲ್ಲಿ ಫೋನ್ ನಂಬರ್ ಯಾರಿಗೂ ಕಾಣದಂತೆ ಮಾಡಿ.

ದೂರು ಕೊಟ್ಟ ಕೆಲವು ದಿನಗಳಲ್ಲಿ "ನಿಮ್ಮ ಹಣ ವಾಪಸ್ ಕೊಡಿಸುತ್ತೇವೆ, ಫೈಲ್ ಚಾರ್ಜ್ 2,000" ಎಂದು ಇನ್ನೊಬ್ಬ ಕರೆ ಮಾಡಬಹುದು. ಅವನೂ ಅದೇ ಗುಂಪಿನವನು. 1930ರಿಂದಾಗಲಿ, ಠಾಣೆಯಿಂದಾಗಲಿ, ಬ್ಯಾಂಕಿನಿಂದಾಗಲಿ ಹಣ ಮರಳಿಸಲು ಹಣ ಕೇಳುವುದಿಲ್ಲ. ದೂರು ದಾಖಲಾದಾಗ ಬಂದ ಸ್ವೀಕೃತಿ ಸಂಖ್ಯೆಯನ್ನು ಆ ನಾಲ್ಕು ಕಲಮಿನ ಹಾಳೆಯ ಮೇಲ್ಭಾಗದಲ್ಲಿ ಬರೆದು, ಸ್ಕ್ರೀನ್‌ಶಾಟ್‌ಗಳ ಪ್ರಿಂಟ್ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ಎರಡು ಪ್ರತಿ ಮಾಡಿ, ಒಂದನ್ನು ಠಾಣೆಗೆ ಕೊಟ್ಟು ಇನ್ನೊಂದರ ಮೇಲೆ ಮೊಹರು ಹಾಕಿಸಿಕೊಂಡು ಮನೆಯಲ್ಲಿಡಿ.