ವಿದೇಶದ ಟೆಸ್ಟ್‌ಗೆ ಒಬ್ಬನೇ ಸ್ಪಿನ್ನರ್: ಆರಿಸುವುದು ಹೇಗೆ?

ಭಾರತ ಹೊರದೇಶದಲ್ಲಿ ಟೆಸ್ಟ್ ಆಡುವಾಗ ಟಾಸ್ ಆಗಿ ಐದು ನಿಮಿಷಕ್ಕೆ ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಚಹಾದಂಗಡಿಗಳಲ್ಲಿ ವಾದ ಶುರುವಾಗುತ್ತದೆ. ಮೊದಲೆಲ್ಲ "ಅಶ್ವಿನ್‌ಗ ಯಾಕ ಹೊರಗ ಕುಂಡ್ರಿಸ್ಯಾರ್ರೀ?" ಎನ್ನುತ್ತಿದ್ದರು. ಅಶ್ವಿನ್ 2024ರ ಡಿಸೆಂಬರ್‌ನಲ್ಲಿ ನಿವೃತ್ತರಾದರು, ವಾದ ಮಾತ್ರ ನಿಲ್ಲಲಿಲ್ಲ. 2025ರಲ್ಲಿ ಇಂಗ್ಲೆಂಡ್‌ನ ಐದೂ ಟೆಸ್ಟ್‌ಗಳಲ್ಲಿ ಕುಲದೀಪ್ ಯಾದವ್ ಬೆಂಚ್ ಮೇಲೆ ಕೂತಾಗ ಅದೇ ಮಾತು ಅವರ ಹೆಸರಲ್ಲಿ ಕೇಳಿಬಂತು.

ಇರುವ ಸ್ಪಿನ್ನರ್‌ಗಳಲ್ಲಿ ದೊಡ್ಡವರು ಯಾರು ಅಂತ ಕೇಳುತ್ತಾ ಕೂತರೆ ಈ ವಾದ ಮುಗಿಯುವುದೇ ಇಲ್ಲ. ಅಲ್ಲಿನ ಪಿಚ್ ಮೇಲೆ, ಆ ಎದುರಾಳಿಗೆ, ನಮ್ಮ ವೇಗಿಗಳ ಜೊತೆ ಯಾರ ಬೌಲಿಂಗ್ ಹೊಂದುತ್ತದೆ ಎಂದು ನೋಡಬೇಕು. ಒಂದು ಹಾಳೆ, ಒಂದು ಪೆನ್ನು ತಗೊಂಡು ಕೆಳಗಿನ ಪ್ರಶ್ನೆಗಳಿಗೆ ಉತ್ತರ ಬರೆಯುತ್ತಾ ಹೋಗಿ. ಊರಲ್ಲಿ, ಅಂದರೆ ಭಾರತದ ಪಿಚ್‌ಗಳಲ್ಲಿ, ಯಾರು ಎಷ್ಟು ವಿಕೆಟ್ ತೆಗೆದಿದ್ದಾರೆ ಎಂಬ ಲೆಕ್ಕವನ್ನು ಸದ್ಯಕ್ಕೆ ಮರೆತುಬಿಡಿ.

ಸ್ಪಿನ್ನರ್ ಬೇಕೇ ಬೇಕಾ?

ಮೊದಲು ಇದನ್ನೇ ತೀರ್ಮಾನಿಸಿ. 2018ರ ಜನವರಿಯಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಭಾರತ ಸ್ಪಿನ್ನರ್ ಇಲ್ಲದೆ ಐವರು ವೇಗಿಗಳೊಂದಿಗೆ ಆಡಿ 63 ರನ್‌ನಿಂದ ಗೆದ್ದಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಪರ್ತ್‌ನಲ್ಲೂ ಬರೀ ವೇಗಿಗಳನ್ನೇ ನಂಬಿತು. ಅಲ್ಲಿ ಆಸ್ಟ್ರೇಲಿಯಾದ ಆಫ್ ಸ್ಪಿನ್ನರ್ (ಬಲಗೈ ಬ್ಯಾಟರ್ ಕಡೆಗೆ ಚೆಂಡನ್ನು ಒಳಕ್ಕೆ ತಿರುಗಿಸುವವರು) ನೇಥನ್ ಲಯನ್ 8 ವಿಕೆಟ್ ತೆಗೆದು ಪಂದ್ಯಪುರುಷರಾದರು. ಭಾರತ 146 ರನ್‌ನಿಂದ ಸೋತಿತು.

ಹಾಗಾಗಿ ಹುಲ್ಲು ನೋಡಿ ಹೆದರಬೇಡಿ. ಹುಲ್ಲಿನ ಕೆಳಗಿನ ಮಣ್ಣು ಗಟ್ಟಿಯಾಗಿದ್ದು ಚೆಂಡು ಪುಟಿದರೆ ಸ್ಪಿನ್ನರ್‌ಗೂ ಪಾಲು ಸಿಗುತ್ತದೆ. ಜೇಡಿ ಅಂಶ ಜಾಸ್ತಿ ಇರುವ ಪಿಚ್ ಬಿಸಿಲಿಗೆ ಒಣಗಿ ಬಿರಿಯುತ್ತದೆ. ಇದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ, ಏಪ್ರಿಲ್‌ನಲ್ಲಿ ನಮ್ಮ ಎರೆ ಹೊಲ ನೋಡಿದರೆ ಸಾಕು. (ಬೀದರ್‌ನ ಕೆಂಪು ಮಣ್ಣಿನವರಿಗೆ ಸ್ವಲ್ಪ ಕಷ್ಟ ಆಗಬಹುದು!) ಐದೂ ದಿನದ ಹವಾಮಾನ ಮುನ್ಸೂಚನೆ ನೋಡಿ. ಒಣ ಹವೆ ಇದ್ದು ಪಂದ್ಯ ನಾಲ್ಕನೇ ದಿನ ದಾಟುವಂತಿದ್ದರೆ ಸ್ಪಿನ್ನರ್ ಬೇಕು. ಅನುಮಾನ ಇದ್ದರೂ ಬೇಕು ಅಂತಲೇ ಬರೆಯಿರಿ.

ಇನ್ನೊಂದು ಕಾರಣವೂ ಇದೆ. ದಿನಕ್ಕೆ 90 ಓವರ್ ಮುಗಿಸಬೇಕು. ಬರೀ ವೇಗಿಗಳಿದ್ದರೆ ಅದು ತ್ರಾಸಿನ ಕೆಲಸ. 2020ರ ಮೆಲ್ಬರ್ನ್ ಟೆಸ್ಟ್‌ನಲ್ಲಿ ಓವರ್ ನಿಧಾನವಾಯಿತೆಂದು ಆಸ್ಟ್ರೇಲಿಯಾ 4 ಅಂಕ ಕಳೆದುಕೊಂಡಿತು. ಕೊನೆಗೆ ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್ ಫೈನಲ್ ಕೂಡ ಕೈತಪ್ಪಿತು. ಅವರ ತಂಡದಲ್ಲಿ ಲಯನ್ ಇದ್ದೂ ಈ ಪಾಡು!

ಮೊದಲ ಇನಿಂಗ್ಸ್‌ನಲ್ಲಿ ರನ್ ಕಟ್ಟಿಹಾಕಬಲ್ಲರಾ?

ಒಂಟಿ ಸ್ಪಿನ್ನರ್ ಎಂದರೆ ಐದನೇ ದಿನ ಬಂದು ಐದು ವಿಕೆಟ್ ಉರುಳಿಸುವವರು ಎಂದು ನಾವು ಅಂದುಕೊಳ್ಳುತ್ತೇವೆ. ಆ ದಿನ ಬಂದರೆ ಸಂತೋಷ. ಆದರೆ ಅವರ ದುಡಿಮೆ ಜಾಸ್ತಿ ಇರುವುದು ಮೊದಲೆರಡು ದಿನ. ವೇಗಿಗಳು ಒಂದು ತುದಿಯಿಂದ ಸರದಿ ಮೇಲೆ ಬೌಲ್ ಮಾಡಬೇಕು. ಅಷ್ಟು ಹೊತ್ತೂ ಇನ್ನೊಂದು ತುದಿಯನ್ನು ಒಬ್ಬರೇ ಹಿಡಿದಿಡಬೇಕು. ಜೊತೆಗೆ ಇನ್ನೊಬ್ಬ ಸ್ಪಿನ್ನರ್ ಇಲ್ಲವಲ್ಲ, ಇವರ ಕೈಯಲ್ಲಿ ರನ್ ಸೋರಿದರೆ ವೇಗಿಗಳಿಗೆ ವಿಶ್ರಾಂತಿಯೇ ಇಲ್ಲ.

2018ರ ಅಡಿಲೇಡ್ ಟೆಸ್ಟ್ ಇದಕ್ಕೆ ಒಳ್ಳೆಯ ಪಾಠ. ಅಶ್ವಿನ್ ಮೊದಲ ಇನಿಂಗ್ಸ್‌ನಲ್ಲಿ ಓವರ್‌ಗೆ ಎರಡು ರನ್ ಕೂಡ ಬಿಟ್ಟುಕೊಡದೆ 57 ರನ್‌ಗೆ 3 ವಿಕೆಟ್ ತೆಗೆದರು. ಭಾರತ 31 ರನ್‌ನಿಂದ ಗೆದ್ದಿತು. ಅದೇ ಮೈದಾನದಲ್ಲಿ 2014ರಲ್ಲಿ ಅಶ್ವಿನ್ ಬದಲು ಹೊಸಬರಾದ ಲೆಗ್ ಸ್ಪಿನ್ನರ್ (ಬಲಗೈ ಬ್ಯಾಟರ್‌ನಿಂದ ಚೆಂಡನ್ನು ಹೊರಕ್ಕೆ ತಿರುಗಿಸುವವರು) ಕರ್ಣ ಶರ್ಮಾ ಅವರನ್ನು ಆಡಿಸಿದ್ದರು. ಅವರಿಗೆ 4 ವಿಕೆಟ್ ಸಿಕ್ಕವು ನಿಜ, ಆದರೆ ಓವರ್‌ಗೆ ನಾಲ್ಕಕ್ಕಿಂತ ಜಾಸ್ತಿ ರನ್ ಹೋದವು. ಎದುರಿಗೆ ಲಯನ್ 12 ವಿಕೆಟ್ ತೆಗೆದರು. ಭಾರತ 48 ರನ್‌ನಿಂದ ಸೋತಿತು. ತಪ್ಪು ಆ ಹುಡುಗನದಲ್ಲ. ಮೊದಲ ಟೆಸ್ಟ್ ಆಡುವ ಲೆಗ್ ಸ್ಪಿನ್ನರ್ ಹೆಗಲಿಗೆ ಅಷ್ಟು ಭಾರ ಹೊರಿಸಬಾರದಿತ್ತು.

ನಮ್ಮ ವೇಗಿಗಳ ಹೆಜ್ಜೆ ಎಲ್ಲಿ ಬೀಳುತ್ತದೆ?

ಟಿವಿ ಮುಂದೆ ಕೂತ ಬಹಳ ಜನ ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನನಗಂತೂ ಇದೇ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ.

ಹಾಳೆಯಲ್ಲಿ ಪಿಚ್ ಬರೆಯಿರಿ. ಬಲಗೈ ವೇಗಿ ಓವರ್ ದಿ ವಿಕೆಟ್, ಅಂದರೆ ಚೆಂಡು ಹಾಕುವ ಕೈ ಸ್ಟಂಪ್ ಕಡೆಗಿರುವಂತೆ ಬಂದು ಚೆಂಡು ಬಿಟ್ಟ ಮೇಲೆ ಅವರ ಕಾಲು ಬೀಳುವುದು ಅವರ ಎಡಕ್ಕೆ. ಅಲ್ಲಿ ಮಣ್ಣು ಕಿತ್ತು ಒರಟಾಗುತ್ತದೆ, ಅದನ್ನೇ ರಫ್ ಎನ್ನುತ್ತಾರೆ. ಈಗ ಎದುರು ತುದಿಯಿಂದ ಸ್ಪಿನ್ನರ್ ಬೌಲ್ ಮಾಡುತ್ತಾರೆ ಎಂದುಕೊಳ್ಳಿ. ರಫ್ ಇರುವ ತುದಿಯಲ್ಲಿ ನಿಂತ ಬಲಗೈ ಬ್ಯಾಟರ್‌ಗೆ ಆ ಜಾಗ ಲೆಗ್ ಸ್ಟಂಪ್ ಆಚೆ, ಅಂದರೆ ಕಾಲಿನ ಕಡೆ ಬರುತ್ತದೆ. ಎಡಗೈ ಬ್ಯಾಟರ್‌ಗೆ ಆಫ್ ಸ್ಟಂಪ್ ಆಚೆ.

ಎಲ್ಲರೂ ಬಲಗೈ ವೇಗಿಗಳಾಗಿದ್ದರೆ ಎಡಗೈ ಬ್ಯಾಟರ್‌ಗಳಿಗೆ ಆಫ್ ಸ್ಪಿನ್ನರ್ ಕಾಟ ಜೋರು. ಬಲಗೈ ಬ್ಯಾಟರ್‌ಗಳೇ ಜಾಸ್ತಿ ಇದ್ದರೆ ಎಡಗೈ ಸ್ಪಿನ್ನರ್ ಓವರ್ ದಿ ವಿಕೆಟ್ ಬಂದು ಲೆಗ್ ಸ್ಟಂಪ್ ಆಚೆಯ ರಫ್‌ಗೆ ಚೆಂಡು ಹಾಕಬಹುದು. 2021ರ ಓವಲ್ ಟೆಸ್ಟ್‌ನ ಕೊನೆಯ ದಿನ ಜಡೇಜಾ ಮಾಡಿದ್ದು ಅದನ್ನೇ. 63 ರನ್ ಮಾಡಿ ಬೇರೂರಿದ್ದ ಹಸೀಬ್ ಹಮೀದ್ ಅಂಥ ಒಂದು ಚೆಂಡಿಗೆ ಬೌಲ್ಡ್ ಆದರು. ಭಾರತ 157 ರನ್‌ನಿಂದ ಗೆದ್ದಿತು.

ತಂಡದಲ್ಲಿ ಎಡಗೈ ವೇಗಿ ಇದ್ದರೆ ಚಿತ್ರ ತಿರುಗುಮುರುಗು. ಆಗ ಬಲಗೈ ಬ್ಯಾಟರ್‌ನ ಆಫ್ ಸ್ಟಂಪ್ ಆಚೆ ರಫ್ ಆಗುತ್ತದೆ. ಆಫ್ ಸ್ಪಿನ್ನರ್‌ಗೆ ಇನ್ನೇನು ಬೇಕು? ಮಿಚೆಲ್ ಸ್ಟಾರ್ಕ್ ಓಡಿದ ಜಾಗದಲ್ಲಿ ಲಯನ್ ಎಷ್ಟು ಫಸಲು ತೆಗೆದಿದ್ದಾರೆ ನೋಡಿ. ಆದ್ದರಿಂದ ವೇಗಿಗಳ ಹೆಸರು ಬರೆಯುವ ಮೊದಲೇ ಸ್ಪಿನ್ನರ್ ಹೆಸರು ಬರೆಯಬೇಡಿ.

ಎದುರಿಗೆ ಎಡಗೈಯವರು ಎಷ್ಟು?

ಅವರ ಮೊದಲ ಎಂಟು ಬ್ಯಾಟರ್‌ಗಳಲ್ಲಿ ಎಡಗೈಯವರನ್ನು ಎಣಿಸಿ. ಮೂವರೋ ನಾಲ್ವರೋ ಇದ್ದರೆ ಆಫ್ ಸ್ಪಿನ್ನರ್ ಕಡೆ ತಕ್ಕಡಿ ವಾಲುತ್ತದೆ, ಚೆಂಡು ಅವರಿಂದ ಹೊರಕ್ಕೆ ತಿರುಗುವುದರಿಂದ.

2023ರಲ್ಲಿ ಓವಲ್‌ನಲ್ಲಿ ನಡೆದ ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್ ಫೈನಲ್ ನೆನಪಿದೆ ಅಲ್ವಾ? ಆಸ್ಟ್ರೇಲಿಯಾ ತಂಡದಲ್ಲಿ ವಾರ್ನರ್, ಖವಾಜಾ, ಹೆಡ್, ಕ್ಯಾರಿ, ಸ್ಟಾರ್ಕ್ ಐವರೂ ಎಡಗೈ. ನಮ್ಮ ಆಫ್ ಸ್ಪಿನ್ನರ್ ಅಶ್ವಿನ್ ಆಗ ಟೆಸ್ಟ್ ರ‍್ಯಾಂಕಿಂಗ್‌ನಲ್ಲಿ ನಂಬರ್ ಒನ್ ಬೌಲರ್. ಟೆಸ್ಟ್‌ನಲ್ಲಿ 200ಕ್ಕೂ ಜಾಸ್ತಿ ಸಲ ಎಡಗೈಯವರನ್ನು ಔಟ್ ಮಾಡಿದವರು. ಮೋಡ ನೋಡಿ ಅವರನ್ನು ಹೊರಗಿಟ್ಟು ನಾಲ್ವರು ವೇಗಿಗಳ ಜೊತೆ ಜಡೇಜಾ ಅವರನ್ನು ಆಡಿಸಿದರು. ಟ್ರಾವಿಸ್ ಹೆಡ್ ಶತಕ ಬಾರಿಸಿದರು, ಭಾರತ 209 ರನ್‌ನಿಂದ ಸೋತಿತು. ಅಶ್ವಿನ್ ಆಡಿದ್ದರೆ ಗೆಲ್ಲುತ್ತಿದ್ದೆವು ಎಂದು ಹೇಳಲಾರೆ. ಆದರೆ ಈ ಹಾಳೆ ಹಿಡಿದು ಕೂತಿದ್ದರೆ ಅವರ ಹೆಸರೇ ಮೇಲೆ ಬರುತ್ತಿತ್ತು.

ಚೆಂಡು ಯಾವುದು, ಗಾಳಿ ಯಾವ ಕಡೆ

ಭಾರತದಲ್ಲಿ ಬಳಸುವ ಎಸ್‌ಜಿ ಚೆಂಡಿನ ಹೊಲಿಗೆ ಎದ್ದು ಕಾಣುತ್ತದೆ, ಬೆರಳಿಗೆ ಚೆನ್ನಾಗಿ ಸಿಗುತ್ತದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾದಲ್ಲಿ ಕೂಕಬುರಾ. ಅದರ ಹೊಲಿಗೆ ಸ್ವಲ್ಪ ಹೊತ್ತಿಗೇ ತಗ್ಗುತ್ತದೆ. ಅಲ್ಲಿ ಪಕ್ಕಕ್ಕೆ ತಿರುಗಿಸುವುದನ್ನಷ್ಟೇ ನಂಬಿದರೆ ಸಾಲದು, ಚೆಂಡು ಗಾಳಿಯಲ್ಲಿ ಮುಂದಕ್ಕೆ ಸುತ್ತುವಂತೆ ಬಿಟ್ಟು ಪುಟಿಸುವ ಕಲೆ ಬೇಕು. ನಮ್ಮ ಅನಿಲ್ ಕುಂಬ್ಳೆಗೆ ದೊಡ್ಡ ತಿರುವು ಇರಲಿಲ್ಲ. ಎತ್ತರ ಇತ್ತು, ವೇಗ ಇತ್ತು, ಬೌನ್ಸ್ ಇತ್ತು. 2003-04ರಲ್ಲಿ ಆಸ್ಟ್ರೇಲಿಯಾದಲ್ಲಿ ಬ್ರಿಸ್ಬೇನ್ ಟೆಸ್ಟ್‌ಗೆ ಹರಭಜನ್ ಆಡಿದರು, ಕುಂಬ್ಳೆ ಹೊರಗಿದ್ದರು. ಹರಭಜನ್ ಗಾಯಗೊಂಡ ಮೇಲೆ ಒಳಗೆ ಬಂದ ಕುಂಬ್ಳೆ ಮೂರೇ ಟೆಸ್ಟ್‌ನಲ್ಲಿ 24 ವಿಕೆಟ್ ತೆಗೆದರು. ಅದಕ್ಕೂ ಮೊದಲು ಬಿ.ಎಸ್. ಚಂದ್ರಶೇಖರ್ ಮೆಲ್ಬರ್ನ್‌ನಲ್ಲಿ ಎರಡೂ ಇನಿಂಗ್ಸ್‌ನಲ್ಲಿ 52 ರನ್‌ಗೆ 6 ವಿಕೆಟ್ ತೆಗೆದಿದ್ದರು. ಅವರೂ ವೇಗವಾಗಿ ಹಾಕುವವರೇ.

ಗಾಳಿ ವಿಷಯ ಚಿಕ್ಕದು. ಗಾಳಿ ಬೆನ್ನಿಗಿರುವ ತುದಿ ವೇಗಿಗಳ ಪಾಲು. ಸ್ಪಿನ್ನರ್‌ಗೆ ಉಳಿಯುವುದು ಎದುರುಗಾಳಿ. ವೆಲ್ಲಿಂಗ್ಟನ್‌ನಂಥ ಊರಲ್ಲಿ ಅದರಲ್ಲೂ ಗುರಿ ತಪ್ಪದೆ ಹಾಕುವವರೇ ಬೇಕು.

ಫಿಟ್‌ನೆಸ್, ಆಮೇಲೆ ಬ್ಯಾಟಿಂಗ್

ಇಬ್ಬರು ಸ್ಪಿನ್ನರ್ ಇದ್ದಾಗ ಒಬ್ಬರು ಕುಂಟಿದರೂ ನಡೆಯುತ್ತದೆ. ಒಬ್ಬರೇ ಇದ್ದಾಗ ಅರ್ಧ ಫಿಟ್ ಎಂಬ ಮಾತೇ ಇಲ್ಲ. 2018ರ ಸೌತಾಂಪ್ಟನ್ ಟೆಸ್ಟ್‌ನಲ್ಲಿ ಅಶ್ವಿನ್ ಪೂರ್ತಿ ಫಿಟ್ ಇರಲಿಲ್ಲ. ಅದೇ ಪಿಚ್ ಮೇಲೆ ಮೊಯಿನ್ ಅಲಿ 9 ವಿಕೆಟ್ ತೆಗೆದರು, ಇಂಗ್ಲೆಂಡ್ 60 ರನ್‌ನಿಂದ ಗೆದ್ದಿತು.

ಬ್ಯಾಟಿಂಗ್ ಕೊನೆಯ ಸಾಲಿಗೆ ಬರಲಿ. ಬೌಲಿಂಗ್‌ನಲ್ಲಿ ಇಬ್ಬರೂ ಸಮ ಇದ್ದರೆ ಮಾತ್ರ ಅದು ನಿರ್ಧರಿಸಬೇಕು. ಲಾಭ ಇಲ್ಲ ಅಂತಲ್ಲ. 2021ರಲ್ಲಿ ಬ್ರಿಸ್ಬೇನ್‌ನಲ್ಲಿ ಅಶ್ವಿನ್, ಜಡೇಜಾ ಇಬ್ಬರೂ ಗಾಯಗೊಂಡಿದ್ದಾಗ ವಾಷಿಂಗ್ಟನ್ ಸುಂದರ್ ಮೊದಲ ಟೆಸ್ಟ್ ಆಡಿದರು. 4 ವಿಕೆಟ್ ತೆಗೆದರು, 62 ರನ್ ಹೊಡೆದರು, ಶಾರ್ದೂಲ್ ಠಾಕೂರ್ ಜೊತೆ 123 ರನ್ ಸೇರಿಸಿದರು. ಆ ರನ್ ಇಲ್ಲದಿದ್ದರೆ ಬ್ರಿಸ್ಬೇನ್‌ನ ಗಾಬಾ ಮೈದಾನದ ಆ ಗೆಲುವೂ ಇಲ್ಲ. ಆದರೆ ಮೇಲಿನ ಆರು ಜನ ರನ್ ಮಾಡುತ್ತಿಲ್ಲವೆಂದು ಸ್ಪಿನ್ನರ್ ಜಾಗಕ್ಕೆ ಏಳನೇ ಬ್ಯಾಟರ್ ತುಂಬಿಸುವುದು ನನಗೆ ಒಪ್ಪಿಗೆಯಿಲ್ಲ.

ಒಂದು ಹಾಳೆ ತುಂಬಿಸಿ ನೋಡೋಣ

ಪರ್ತ್, 2024ರ ನವೆಂಬರ್. ಬೌನ್ಸ್ ಇದೆ. ಎದುರಿಗೆ ಖವಾಜಾ, ಹೆಡ್, ಕ್ಯಾರಿ, ಸ್ಟಾರ್ಕ್ ಎಡಗೈ. ನಮ್ಮ ವೇಗಿಗಳೆಲ್ಲ ಬಲಗೈ, ಅಂದರೆ ಎಡಗೈಯವರ ಆಫ್ ಸ್ಟಂಪ್ ಆಚೆ ರಫ್. ಹಾಗಾದರೆ ಆಫ್ ಸ್ಪಿನ್ನರ್. ಅಶ್ವಿನ್ ಅಥವಾ ವಾಷಿಂಗ್ಟನ್. ವಾಷಿಂಗ್ಟನ್ ಒಂದು ತಿಂಗಳ ಹಿಂದಷ್ಟೇ ಪುಣೆಯಲ್ಲಿ ನ್ಯೂಜಿಲೆಂಡ್ ವಿರುದ್ಧ 59 ರನ್‌ಗೆ 7 ವಿಕೆಟ್ ತೆಗೆದಿದ್ದರು. ಅದು ಊರಿನ ಪಿಚ್, ಅದಕ್ಕೆ ಕಡಿಮೆ ಅಂಕ ಕೊಡಿ. ಎತ್ತರ ಮತ್ತು ಬ್ಯಾಟಿಂಗ್ ಸೇರಿಸಿದರೆ ಅವರ ಆಯ್ಕೆ ಅರ್ಥವಾಗುತ್ತದೆ. ಭಾರತ 295 ರನ್‌ನಿಂದ ಗೆದ್ದಿತು. ಮುಂದಿನ ಎರಡು ಟೆಸ್ಟ್‌ಗೆ ಅಶ್ವಿನ್, ಜಡೇಜಾ ಒಬ್ಬೊಬ್ಬರಾಗಿ ಬಂದರು. ಮೂರು ಪಂದ್ಯಕ್ಕೆ ಮೂವರು! ಹಾಳೆ ಬದಲಾದರೆ ಹೆಸರು ಬದಲಾಗಲಿ. ಸುಮ್ನೆ ಬದಲಾಯಿಸಿದರೆ ಮೂವರಿಗೂ ಲಯ ಸಿಗುವುದಿಲ್ಲ.

ಕಲಬುರಗಿ, ಯಾದಗಿರಿಯ ಕಾಲೇಜು ತಂಡಗಳೂ ಇದನ್ನು ಪ್ರಯತ್ನಿಸಬಹುದು. ಮ್ಯಾಟ್ ಮೇಲೆ ಸಾಧಾರಣ ಸ್ಪಿನ್ನರ್ ಚೆಂಡೂ ಪುಟಿದು ತಿರುಗುತ್ತದೆ. ಹೊರಗಡೆ ಟರ್ಫ್ ಮೇಲೆ ಆಡಲು ಹೋಗುವಾಗ ಮ್ಯಾಟ್ ಮೇಲೆ ತೆಗೆದ ವಿಕೆಟ್ ನೋಡಿ ಸ್ಪಿನ್ನರ್ ಆರಿಸಬೇಡಿ. ನೆಟ್ಸ್‌ನಲ್ಲಿ ಹಳೆಯ ಚೆಂಡು ಕೊಟ್ಟು ಆಫ್ ಸ್ಟಂಪ್ ಎದುರು ಒಂದು ಟವೆಲ್ ಹಾಸಿ. ಸುಸ್ತಾದ ಮೇಲೂ ಚೆಂಡನ್ನು ಅದರ ಮೇಲೆ ಬೀಳಿಸುವ ಹುಡುಗ ಯಾರೋ, ಅವನ ಹೆಸರು ಬರೆದುಕೊಳ್ಳಿ.