ಚೆಂಡು ಬಿಟ್ಟು ಆಟ ನೋಡುವುದು ಹೇಗೆ

ನನಗೀಗ 53. ಆಟ ನೋಡುವ ಚಟ ಹತ್ತಿ ನಲವತ್ತು ವರ್ಷ ದಾಟಿತು. ಅದರಲ್ಲಿ ಮೊದಲ ಮೂವತ್ತು ವರ್ಷ ಚೆಂಡು ನೋಡುವುದರಲ್ಲೇ ಕಳೆದೆ. ಚೆಂಡು ಹೋದ ಕಡೆ ಕಣ್ಣು, ಕಣ್ಣು ಹೋದ ಕಡೆ ಬಾಯಿ. ಪಂದ್ಯ ಮುಗಿದ ಮೇಲೆ ಯಾಕೆ ಸೋತರು ಅಂತ ಯಾರಾದರೂ ಕೇಳಿದರೆ, ಕೊನೆಯ ಓವರ್‌ನಲ್ಲಿ ಕ್ಯಾಚ್ ಬಿಟ್ಟವನನ್ನು ಬೈಯುತ್ತಿದ್ದೆ. ಅದಕ್ಕಿಂತ ಹೆಚ್ಚಿನ ಉತ್ತರ ನನ್ನ ಹತ್ತಿರ ಇರುತ್ತಿರಲಿಲ್ಲ.

ಆ ಚಟ ಬಿಡಿಸಿದ್ದು ಸ್ಕೋರ್‌ಬುಕ್. ಆಡುವುದರಲ್ಲಿ ನಾನು ಯಾವಾಗಲೂ ಅಷ್ಟಕ್ಕಷ್ಟೆ. ಹನ್ನೊಂದನೆಯವನಾಗಿ ಇಳಿಯುತ್ತಿದ್ದೆ, ಪ್ಯಾಡ್ ಕಟ್ಟುವುದಕ್ಕೆ ಹಿಡಿದಷ್ಟು ಹೊತ್ತು ಕೂಡ ಕ್ರೀಸಿನಲ್ಲಿ ನಿಲ್ಲುತ್ತಿರಲಿಲ್ಲ. ನಲವತ್ತರ ಹೊತ್ತಿಗೆ ಮಂಡಿಯೂ ಕೈಕೊಟ್ಟಿತು. ತಂಡದವರು ಪಾಪ ಅಂತ ಸ್ಕೋರ್‌ಬುಕ್ ಕೊಟ್ಟು ಮೂಲೆಯಲ್ಲಿ ಕೂರಿಸಿದರು.

ಸ್ಕೋರರ್ ಚೆಂಡು ನೋಡುತ್ತಾ ಕೂತರೆ ಲೆಕ್ಕ ಕೆಟ್ಟಿತು ಅಂತಲೇ. ಎಲ್ಲರ ಕಣ್ಣು ಬೌಂಡರಿ ಕಡೆ ಇದ್ದಾಗ ಅವನ ಕಣ್ಣು ಅಂಪೈರ್ ಮೇಲೆ ಇರಬೇಕು. ಚೆಂಡು ಮೈಗೆ ತಾಗಿ ಬಂದ ರನ್ನಿಗೆ ಲೆಗ್ ಬೈ ಅಂತ ಮಂಡಿ ತಟ್ಟಿದರೋ, ಏನಕ್ಕೂ ತಾಗದೆ ಬಂದ ರನ್ನಿಗೆ ಬೈ ಅಂತ ಕೈ ಎತ್ತಿದರೋ? ಸಿಗ್ನಲ್ ಕಂಡೆ ಅಂತ ತಿರುಗಿ ಕೈ ಎತ್ತಿ ತೋರಿಸಬೇಕು. ಅಲ್ಲಿಯವರೆಗೆ ಅಂಪೈರ್ ಮುಂದಿನ ಎಸೆತಕ್ಕೆ ಬಿಡುವ ಹಾಗಿಲ್ಲ. ಕ್ಯಾಚ್ ಮೇಲೆ ಹೋದಾಗಲಂತೂ ಇಡೀ ಮೈದಾನ ಆಕಾಶ ನೋಡುತ್ತದೆ. ನಾನೊಬ್ಬನೇ ಪಿಚ್ ನೋಡುತ್ತಿದ್ದೆ, ಬ್ಯಾಟ್ಸ್‌ಮನ್‌ಗಳು ಒಬ್ಬರನ್ನೊಬ್ಬರು ದಾಟಿದರೋ ಇಲ್ಲವೋ ಅಂತ. ದಾಟಿದ್ದರೆ ಮುಂದಿನ ಎಸೆತ ಹೊಸಬನದಲ್ಲ, ಇನ್ನೊಂದು ತುದಿಯವನದು ಅನ್ನುವ ನಿಯಮವಿತ್ತು. 2022ರಲ್ಲಿ ಅದು ಬದಲಾಯಿತು. ಈಗ ಕ್ಯಾಚ್ ಆದರೆ, ಓವರ್ ಮುಗಿದಿಲ್ಲವಾದರೆ, ದಾಟಿದರೂ ದಾಟದಿದ್ದರೂ ಹೊಸಬನೇ ಸ್ಟ್ರೈಕಿಗೆ ಬರುತ್ತಾನೆ. ನನ್ನ ಕಣ್ಣಿಗೆ ಅದು ಇನ್ನೂ ಗೊತ್ತಾಗಿಲ್ಲ, ಪಿಚ್ ಕಡೆಗೇ ಹೋಗುತ್ತದೆ.

ಆ ಮೂಲೆಯಲ್ಲಿ ಕೂತು ಕಲಿತದ್ದನ್ನು ಇಲ್ಲಿ ಹೇಳಿಕೊಡುತ್ತೇನೆ. ಖರ್ಚಿಲ್ಲ. ಒಂದು ನೋಟ್‌ಬುಕ್ ಬೇಕು, ಸ್ವಲ್ಪ ತಾಳ್ಮೆ ಬೇಕು.

ಹತ್ತು ನಿಮಿಷದಿಂದ ಶುರು ಮಾಡಿ

ಇಡೀ ಪಂದ್ಯ ಹೀಗೆ ನೋಡಲು ಹೋಗಬೇಡಿ. ತಲೆನೋವು ಬರುತ್ತದೆ, ಮಜಾನೂ ಹೋಗುತ್ತದೆ. ಮೊದಲು ಹತ್ತು ನಿಮಿಷ ಸಾಕು. ಒಬ್ಬ ಆಟಗಾರನನ್ನು ಆರಿಸಿಕೊಳ್ಳಿ, ದೊಡ್ಡ ಹೆಸರಿನವನು ಬೇಡ. ಹತ್ತು ನಿಮಿಷ ಅವನನ್ನು ಬಿಟ್ಟು ಬೇರೆ ಏನನ್ನೂ ನೋಡಬಾರದು. ಗೋಲ್ ಆದರೂ ಸರಿ. ಅದನ್ನು ಆಮೇಲೆ ಹತ್ತು ಸಲ ತೋರಿಸುತ್ತಾರೆ.

ಫುಟ್‌ಬಾಲ್ ಇದಕ್ಕೆ ಒಳ್ಳೆಯ ಪಾಠಶಾಲೆ. ಲೆಕ್ಕ ಹಾಕಿ ನೋಡಿ. ಪಂದ್ಯ 90 ನಿಮಿಷ. ಥ್ರೋ, ಫ್ರೀಕಿಕ್, ಬಿದ್ದು ಹೊರಳಾಡುವುದು ಎಲ್ಲ ಕಳೆದರೆ ಚೆಂಡು ಓಡಾಡುವುದು ಒಂದು ಗಂಟೆಯೊಳಗೆ. ಅದನ್ನು 22 ಜನಕ್ಕೆ ಹಂಚಿದರೆ ತಲೆಗೆ ಮೂರು ನಿಮಿಷವೂ ಬರುವುದಿಲ್ಲ. ಉಳಿದ 87 ನಿಮಿಷ ಆ ಮನುಷ್ಯ ಏನು ಮಾಡುತ್ತಾನೆ? ಕೆಲಸವೆಲ್ಲ ಅಲ್ಲೇ ಇರುವುದು. ಒಬ್ಬ ಸುಮ್ನೆ ಎಡಕ್ಕೆ ಓಡುತ್ತಾನೆ, ಯಾರೂ ಅವನಿಗೆ ಪಾಸ್ ಕೊಡುವುದಿಲ್ಲ. ಅವನ ಬೆನ್ನು ಹತ್ತಿ ಡಿಫೆಂಡರ್ ಒಬ್ಬ ಹೋಗುತ್ತಾನೆ, ನಡುವೆ ಜಾಗ ಬಿಡುತ್ತದೆ. ಗೋಲ್ ಹೊಡೆದವನ ಹೆಸರು ಬೋರ್ಡಿನಲ್ಲಿ ಬರುತ್ತದೆ. ಎಡಕ್ಕೆ ಓಡಿದವನ ಹೆಸರು ನಿಮ್ಮ ನೋಟ್‌ಬುಕ್‌ನಲ್ಲಿ ಬರಲಿ.

ಕ್ರಿಕೆಟ್‌ನಲ್ಲಿ ಮೊದಲು ಕೀಪರ್ ಎಲ್ಲಿ ನಿಂತಿದ್ದಾನೆ ನೋಡಿ. ಪಿಚ್ ಬಗ್ಗೆ ಕಾಮೆಂಟರಿಯವರು ಅರ್ಧ ಗಂಟೆ ಹೇಳುವುದನ್ನು ಅವನ ಕಾಲು ಒಂದೇ ಹೆಜ್ಜೆಯಲ್ಲಿ ಹೇಳುತ್ತದೆ. ವೇಗದ ಬೌಲರ್ ಎಸೆಯುವಾಗ ಹಿಂದೆ ಸರಿದರೆ ಚೆಂಡು ಚೆನ್ನಾಗಿ ಏಳುತ್ತಿದೆ. ಮುಂದೆ ಬಂದರೆ ಪಿಚ್ ಸುಸ್ತಾಗಿದೆ. ಆಮೇಲೆ ನಾನ್‌ಸ್ಟ್ರೈಕರ್‌ನನ್ನು, ಅಂದರೆ ಬೌಲರ್ ತುದಿಯಲ್ಲಿ ನಿಂತ ಬ್ಯಾಟ್ಸ್‌ಮನ್‌ನನ್ನು ನೋಡಿ. ಅವನನ್ನು ಯಾರೂ ನೋಡುವುದಿಲ್ಲ. ಆಸ್ಟ್ರೇಲಿಯಾ ವಿರುದ್ಧದ 2001ರ ಈಡನ್ ಗಾರ್ಡನ್ಸ್ ಟೆಸ್ಟ್ ಅಂದರೆ ಎಲ್ಲರೂ ಲಕ್ಷ್ಮಣ್ 281 ಅನ್ನುತ್ತಾರೆ. ಫಾಲೋ ಆನ್ ಆಗಿ, ಅಂದರೆ ರನ್ನಿನಲ್ಲಿ ಬಹಳ ಹಿಂದುಳಿದು ಕೂಡಲೇ ಮತ್ತೆ ಬ್ಯಾಟಿಂಗ್‌ಗೆ ಇಳಿದ ಮೇಲೆ, ನಾಲ್ಕನೇ ದಿನ ಪೂರ್ತಿ ಒಂದು ವಿಕೆಟ್ಟೂ ಬೀಳಲಿಲ್ಲ. ಹಾಗಾಗಬೇಕಾದರೆ ಇನ್ನೊಂದು ತುದಿಯಲ್ಲಿ ಒಬ್ಬ ನಿಂತಿರಲೇಬೇಕು ಅಲ್ವಾ? ದ್ರಾವಿಡ್ 180. ಜೊತೆಯಾಟ 376. ಅವತ್ತು ಟಿವಿ ಮುಂದೆಯೇ ಕೂತಿದ್ದೆ. ಆ 180ರಲ್ಲಿ ಒಂದು ಹೊಡೆತ ನೆನಪಿಸಿಕೊಂಡು ಹೇಳು ಅಂದರೆ ತಡವರಿಸುತ್ತೇನೆ. ನಾನು ಹೇಗೆ ಆಟ ನೋಡುತ್ತಿದ್ದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಕಬಡ್ಡಿಯಲ್ಲಿ ರೈಡರ್ ಒಳಗೆ ಹೋಗುವ ಮೊದಲು ಎದುರಿನವರ ತಲೆ ಎಣಿಸಿ. ಆರು ಅಥವಾ ಏಳು ಜನ ಇದ್ದರೆ ಮಾತ್ರ ಬೋನಸ್ ಗೆರೆಗೆ ಬೆಲೆ. ಐದಾದರೆ ಆಟವೇ ಬೇರೆ. ಎಣಿಸಿದ ಮೇಲೆ ರೈಡರ್‌ನನ್ನು ಮರೆತು ಎರಡೂ ಮೂಲೆಯವರ ಪಾದ ನೋಡಿ. ಹಿಡಿಯುವ ಯೋಚನೆ ಮೊದಲು ಬರುವುದು ಅಲ್ಲೇ.

ಟೆನಿಸ್, ಬ್ಯಾಡ್ಮಿಂಟನ್ ಸುಲಭ. ಹೊಡೆಯುವವನನ್ನು ಬಿಟ್ಟು ಕಾಯುವವನನ್ನು ನೋಡಿ. ಎದುರಿನವನು ಹೊಡೆಯುವ ಹೊತ್ತಿಗೆ ಸಣ್ಣದೊಂದು ಜಿಗಿತ ಹಾಕುತ್ತಾನೆ. ಆ ಜಿಗಿತ ತಡವಾಗತೊಡಗಿತು ಅಂದರೆ ಸುಸ್ತಾಗಿದ್ದಾನೆ ಅಂತ ಲೆಕ್ಕ. ಪಕ್ಕದವರಿಗಿಂತ ಎರಡು ಗೇಮ್ ಮೊದಲೇ ನಿಮಗೆ ಗೊತ್ತಿರುತ್ತದೆ. ಹೇಳಿ ಜಂಬ ಕೊಚ್ಚಿಕೊಳ್ಳಬೇಡಿ. ನಾನು ಕೊಚ್ಚಿಕೊಂಡೆ, ಆ ದಿನ ಅವನೇ ಐದು ಸೆಟ್ ಆಡಿ ಗೆದ್ದ.

ಟಿವಿಯಲ್ಲಿ ಒಂದು ತೊಂದರೆ ಇದೆ. ಕ್ಯಾಮೆರಾನೇ ಚೆಂಡಿನ ಹಿಂದೆ ಓಡುತ್ತದೆ, ಬೇರೇನೂ ತೋರಿಸುವುದಿಲ್ಲ. ಅದಕ್ಕೇ ನಾನು ಎಸೆತಗಳ ನಡುವಿನ ಹೊತ್ತನ್ನು ಹಿಡಿದುಕೊಳ್ಳುತ್ತೇನೆ. ಧ್ವನಿ ಬಂದ್ ಮಾಡಿ, ನಾಯಕ ಯಾರನ್ನು ಎಲ್ಲಿಗೆ ಸರಿಸಿದ ಅಂತ ನೋಡುತ್ತೇನೆ. ಫುಟ್‌ಬಾಲ್ ಆದರೆ ಕಾರ್ನರ್ ಹೊಡೆಯುವ ಮೊದಲಿನ ಕೆಲವು ಕ್ಷಣ. ಮೈದಾನಕ್ಕೇ ಹೋಗುವುದಾದರೆ ಮೇಲಿನ ಸಾಲಿನ ಅಗ್ಗದ ಸೀಟು ತಗೊಳ್ಳಿ. ಮುಖ ಕಾಣುವುದಿಲ್ಲ, ಆಟ ಕಾಣುತ್ತದೆ.

ನೋಟ್‌ಬುಕ್ ಬಗ್ಗೆ ಜಾಸ್ತಿ ಹೇಳಲು ಏನಿಲ್ಲ. ಪುಟದ ನಡುವೆ ಗೆರೆ ಎಳೆಯಿರಿ. ಎಡಗಡೆ ಎಲ್ಲರೂ ನೋಡಿದ್ದು, ಬಲಗಡೆ ನೀವೊಬ್ಬರೇ ನೋಡಿದ್ದು. ಬಲಗಡೆ ಖಾಲಿ ಇದ್ದರೆ ಖಾಲಿ ಬಿಡಿ. ಸುಳ್ಳು ಬರೆದು ತುಂಬಿಸಬೇಡಿ.

ಅದೇ ಕಣ್ಣಲ್ಲಿ ರಾಜಕೀಯ

"ಆಟದಲ್ಲಿ ರಾಜಕೀಯ ತರಬೇಡಿ" ಅನ್ನುವವರು ಎಲ್ಲ ಕಡೆ ಸಿಗುತ್ತಾರೆ. ನಾನೂ ಹೇಳುತ್ತಿದ್ದೆ. ಸ್ಕೋರ್‌ಬುಕ್ ಹಿಡಿದ ಮೇಲೆ ನಿಲ್ಲಿಸಿದೆ. ತರುವುದೇನು, ಅದು ಮೊದಲೇ ಬಂದು ಸೀಟು ಹಿಡಿದಿರುತ್ತದೆ.

ಅಭ್ಯಾಸಕ್ಕೆ ಒಂದು ಹಳೆಯ ಚಿತ್ರ ತಗೊಳ್ಳಿ. 1968ರ ಮೆಕ್ಸಿಕೊ ಒಲಿಂಪಿಕ್ಸ್, 200 ಮೀಟರ್ ಓಟದ ಪದಕ ಸಮಾರಂಭ. ಅಮೆರಿಕದ ಕಪ್ಪು ಓಟಗಾರರಾದ ಟಾಮಿ ಸ್ಮಿತ್, ಜಾನ್ ಕಾರ್ಲೋಸ್ ವರ್ಣಭೇದದ ವಿರುದ್ಧ ತಲೆ ತಗ್ಗಿಸಿ, ಕಪ್ಪು ಗ್ಲೌಸ್ ಹಾಕಿದ ಮುಷ್ಟಿ ಎತ್ತಿ ನಿಂತಿದ್ದಾರೆ. ಎಲ್ಲರ ಕಣ್ಣು ಆ ಮುಷ್ಟಿಗಳ ಮೇಲೆ. ಈಗ ಕಣ್ಣನ್ನು ಎರಡನೇ ಸ್ಥಾನದ ಮೆಟ್ಟಿಲಿಗೆ ತನ್ನಿ. ಬಿಳಿಯ ಓಟಗಾರ, ಆಸ್ಟ್ರೇಲಿಯಾದ ಪೀಟರ್ ನಾರ್ಮನ್. ಕೈ ಕೆಳಗೇ ಇದೆ. ಎದೆಯ ಮೇಲೆ ಸಣ್ಣದೊಂದು ಬ್ಯಾಡ್ಜ್. ಆ ಇಬ್ಬರ ಎದೆಯ ಮೇಲಿರುವುದೂ ಅದೇ, ಮಾನವ ಹಕ್ಕಿನ ಹೋರಾಟದ್ದು. ಕಾರ್ಲೋಸ್ ಗ್ಲೌಸ್ ಮರೆತು ಬಂದಾಗ, ಒಂದೇ ಜೊತೆಯನ್ನು ಇಬ್ಬರೂ ಹಂಚಿಕೊಳ್ಳಿ ಅಂದವರು ನಾರ್ಮನ್. ಅದಕ್ಕೇ ಒಬ್ಬರದು ಬಲಗೈ, ಇನ್ನೊಬ್ಬರದು ಎಡಗೈ. 1972ರ ಒಲಿಂಪಿಕ್ಸ್‌ಗೆ ನಾರ್ಮನ್‌ರನ್ನು ಕಳಿಸಲಿಲ್ಲ. 2006ರಲ್ಲಿ ತೀರಿಕೊಂಡಾಗ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಸ್ಮಿತ್, ಕಾರ್ಲೋಸ್ ಇಬ್ಬರೂ ಇದ್ದರು. ಆಸ್ಟ್ರೇಲಿಯಾದ ಸಂಸತ್ತು ಕ್ಷಮೆ ಕೇಳಿದ್ದು 2012ರಲ್ಲಿ. ಆ ಚಿತ್ರವನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ಆ ಬ್ಯಾಡ್ಜ್ ಕಂಡದ್ದು ನಲವತ್ತೈದು ದಾಟಿದ ಮೇಲೆ.

ಅದೇ 1968ರ ಕ್ರಿಕೆಟ್ ನೋಡಿ. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿ, ಬಣ್ಣದ ಕಾರಣಕ್ಕೆ ಅಲ್ಲಿ ಆಡಲಾಗದೆ ಇಂಗ್ಲೆಂಡ್ ಸೇರಿದ ಬೇಸಿಲ್ ಡಿ'ಒಲಿವೇರಾ ಓವಲ್‌ನಲ್ಲಿ 158 ಹೊಡೆದರು. ಅದಾದ ಕೆಲವೇ ದಿನಕ್ಕೆ ದಕ್ಷಿಣ ಆಫ್ರಿಕಾ ಪ್ರವಾಸದ ತಂಡ ಪ್ರಕಟವಾಯಿತು, ಅವರ ಹೆಸರಿಲ್ಲ. ಇದು ಬರೀ ಕ್ರಿಕೆಟ್ ತೀರ್ಮಾನ ಅಂದರು. ಆಮೇಲೆ ಒಬ್ಬ ಬೌಲರ್ ಗಾಯದಿಂದ ಹೊರಗುಳಿದಾಗ ಇವರನ್ನು ಸೇರಿಸಿಕೊಂಡರು. ಅಲ್ಲಿನ ಸರ್ಕಾರ ಒಪ್ಪಲಿಲ್ಲ, ಪ್ರವಾಸವೇ ರದ್ದಾಯಿತು. ವರ್ಣಭೇದದ ಕಾರಣಕ್ಕೆ ಬಿದ್ದ ಬಹಿಷ್ಕಾರದಿಂದ 1970ರ ಮಾರ್ಚ್ ನಂತರ ದಕ್ಷಿಣ ಆಫ್ರಿಕಾ ಮತ್ತೆ ಟೆಸ್ಟ್ ಆಡಿದ್ದು 1992ರಲ್ಲಿ. ಆ 158ನ್ನು ಇಡೀ ಮೈದಾನ ನೋಡಿತು. ನಿಜವಾದ ಆಟ ಬಾಗಿಲು ಹಾಕಿದ ಕೋಣೆಯಲ್ಲಿ ನಡೆಯಿತು.

ಇನ್ನೊಂದು, ದುಡ್ಡಿನದು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಅಂದರೆ ಜಿಮ್ನಾಸ್ಟಿಕ್ಸ್‌ನಲ್ಲಿ ರೊಮೇನಿಯಾದ ನಾದಿಯಾ ಕೊಮನೇಚಿ ತೆಗೆದ ಪೂರ್ತಿ ಹತ್ತು ಅಂಕ. ಬೋರ್ಡಿನಲ್ಲಿ 10 ಬರೆಯಲು ಜಾಗವಿಲ್ಲದೆ 1.00 ಅಂತ ಬಂತು. ಎಷ್ಟು ಸಲ ನೋಡಿದರೂ ರೋಮ ನಿಲ್ಲುತ್ತದೆ. ಬಲಗಡೆ ಕಾಲಮ್ಮಿನಲ್ಲಿ ಏನಿದೆ? ಒಲಿಂಪಿಕ್ಸ್‌ನಿಂದ ನಷ್ಟವಾಗುವುದೂ ಒಂದೇ, ಗಂಡಸು ಮಗು ಹೆರುವುದೂ ಒಂದೇ ಅನ್ನುವ ಅರ್ಥದಲ್ಲಿ ಅಲ್ಲಿನ ಮೇಯರ್ ಮೊದಲೇ ಹೇಳಿದ್ದರು. ಆ ಒಲಿಂಪಿಕ್ಸ್‌ಗೆ ಕಟ್ಟಿದ ಕ್ರೀಡಾಂಗಣದ ಸಾಲ ತೀರಿದ್ದು 2006ರಲ್ಲಿ. 16 ದಿನದ ಆಟಕ್ಕೆ 30 ವರ್ಷದ ಸಾಲ. ಅದರಲ್ಲಿ ಒಂದು ಪಾಲನ್ನು ಸಿಗರೇಟು ಸೇದುವವರ ತೆರಿಗೆಯಿಂದ ತೀರಿಸಿದರು. ಹಾಗಾಗಿ ಹೊಸ ಕ್ರೀಡಾಂಗಣದ ಉದ್ಘಾಟನೆ ಟಿವಿಯಲ್ಲಿ ಬಂದಾಗ ಪಟಾಕಿ ನೋಡಬೇಡಿ. ಸಾಲ ಯಾರ ಹೆಸರಲ್ಲಿದೆ, ಟೂರ್ನಿ ಮುಗಿದ ಮೇಲೆ ಅಲ್ಲಿ ಯಾರು ಆಡುತ್ತಾರೆ, ಅದನ್ನು ಹುಡುಕಿ.

ಭಾಷಣಕ್ಕೂ ಇದೇ ವಿದ್ಯೆ. ಧ್ವನಿ ಬಂದ್ ಮಾಡಿ, ಮೈಕ್ ಹಿಂದೆ ಕೂತವರನ್ನು ನೋಡಿ. ಯಾರು ಮೊದಲು ಚಪ್ಪಾಳೆ ತಟ್ಟುತ್ತಾರೆ, ಯಾರು ಅಕ್ಕಪಕ್ಕ ನೋಡಿ ಆಮೇಲೆ ತಟ್ಟುತ್ತಾರೆ? ಹೋದ ಸಲ ಮುಂದಿನ ಸಾಲಿನಲ್ಲಿದ್ದವರು ಈ ಸಲ ಎಲ್ಲಿದ್ದಾರೆ? ಚರ್ಚೆಯಾದರೆ ಉತ್ತರ ಬರೆದುಕೊಳ್ಳಬೇಡಿ, ಉತ್ತರ ಸಿಗದ ಪ್ರಶ್ನೆ ಬರೆದುಕೊಳ್ಳಿ. ಮತ ಎಣಿಕೆಯ ದಿನ ಮೊದಲ ಸುತ್ತಿನ ಮುನ್ನಡೆಗೆ ಕುಣಿಯಬೇಡಿ. ಆರು ಓವರ್ ನೋಡಿ ಸ್ಕೋರ್‌ಬುಕ್ ಮುಚ್ಚಿದ ಹಾಗಾಗುತ್ತದೆ.

ನಿಮ್ಮ ಪಕ್ಷ, ನಿಮ್ಮ ತಂಡದ ವಿಷಯ ಬಂದಾಗ ಈ ಕಣ್ಣು ಮಂಜಾಗುತ್ತದೆ. ಅದಕ್ಕೆ ಒಂದು ಮದ್ದಿದೆ, ಜೆರ್ಸಿ ಬದಲಿಸುವುದು. ನಮ್ಮವರು ಮಾಡಿದ್ದನ್ನೇ ಎದುರಿನವರು ಮಾಡಿದ್ದರೆ ನಾನು ಏನು ಕೂಗುತ್ತಿದ್ದೆ? ನನ್ನ ಭಾವಮೈದ ಇನ್ನೊಂದು ಪಕ್ಷದವನು. ಮೊದಲೆಲ್ಲ ಹಬ್ಬಕ್ಕೆ ಬಂದರೆ ಜಗಳವಾಗಿಯೇ ಏಳುತ್ತಿದ್ದೆವು. ಈಗ ಒಂದು ಕರಾರಿದೆ. ಮಾತು ಶುರುಮಾಡುವ ಮೊದಲು ಇಬ್ಬರೂ ತಮ್ಮ ತಮ್ಮ ಕಡೆಯವರ ಒಂದು ತಪ್ಪು ಹೇಳಬೇಕು. "ಭಾವ, ಇವತ್ತು ನೀವೇ ಮೊದಲು ಬ್ಯಾಟಿಂಗ್" ಅನ್ನುತ್ತಾನೆ. ಒಮ್ಮೊಮ್ಮೆ ನಮ್ಮವರ ತಪ್ಪು ನೆನಪಿಗೆ ಬರಲು ಬಹಳ ಹೊತ್ತು ಬೇಕಾಗುತ್ತದೆ. ಅಷ್ಟರಲ್ಲಿ ಕೋಪ ಇಳಿದಿರುತ್ತದೆ.

ಮನೆಯೊಳಗೆ

ಇದನ್ನು ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ.

ಕೆಲವು ವರ್ಷದ ಹಿಂದೆ ಒಂದು ಫೈನಲ್. ಕೊನೆಯ ಎರಡು ಓವರ್. ಮಗಳು ಬಾಗಿಲಲ್ಲಿ ನಿಂತು "ಅಪ್ಪಾ" ಅಂದಳು. ನಾನು ತಿರುಗದೆ ಅಂಗೈ ಎತ್ತಿದೆ, ತಡಿ ಅಂತ. ಅವಳು ತಡೆದಳು. ಆಮೇಲೆ ಯಾವಾಗ ಹೋದಳೋ ಗೊತ್ತಿಲ್ಲ. ಪಂದ್ಯ ಗೆದ್ದೆವು, ನಾನು ಕುಣಿದೆ. ಮೂರು ವಾರ ಆದ ಮೇಲೆ ಹೆಂಡತಿ ಹೇಳಿದಳು, ಅವಳು ಓಟದ ಅಭ್ಯಾಸಕ್ಕೆ ಹೋಗುವುದನ್ನೇ ಬಿಟ್ಟಿದ್ದಾಳೆ ಅಂತ. ಆರು ವರ್ಷ ಬೆಳಗಿನ ಜಾವ ಎದ್ದು ಓಡಿದ ಹುಡುಗಿ. ಅದನ್ನು ಹೇಳಲೆಂದೇ ಅವತ್ತು ಬಂದಿದ್ದಳು. ಓಟದ ಬೂಟು ಆ ಮೂರು ವಾರವೂ ಬಾಗಿಲ ಪಕ್ಕದ ಜಾಗದಲ್ಲಿ ಇರಲಿಲ್ಲ. ಕೀಪರ್ ಒಂದು ಹೆಜ್ಜೆ ಸರಿದರೆ ಗೊತ್ತಾಗುವ ಮನುಷ್ಯನಿಗೆ ಅದು ಕಾಣಲಿಲ್ಲ.

ಹಾಗಾಗಿ ಮನೆಗೂ ಒಂದು ಪುಟ ಇಟ್ಟಿದ್ದೇನೆ. ದಿನಾ ಬರೆಯುವುದಿಲ್ಲ. ಯಾವುದು ಎಂದಿನ ಜಾಗದಲ್ಲಿ ಇಲ್ಲ, ಯಾರು ಎಂದಿಗಿಂತ ಕಡಿಮೆ ಮಾತಾಡಿದರು, ಅಷ್ಟೇ. ಪಂದ್ಯ ನಡೆಯುವಾಗ ಯಾರಾದರೂ ಬಾಗಿಲಿಗೆ ಬಂದರೆ ಧ್ವನಿ ಬಂದ್ ಮಾಡಿ ತಿರುಗಿ ಕೂರುತ್ತೇನೆ. ವಿಕೆಟ್ ಬಿದ್ದರೆ ಹೊರಗಿನ ಕೂಗಾಟದಿಂದ ಗೊತ್ತಾಗಿಯೇ ಆಗುತ್ತದೆ.

ಮಗಳು ಈಗ ಬೇರೆ ಊರಿನಲ್ಲಿ ಕೆಲಸದಲ್ಲಿದ್ದಾಳೆ. ದೊಡ್ಡ ಪಂದ್ಯವಿದ್ದ ರಾತ್ರಿ ಮೆಸೇಜ್ ಕಳಿಸುತ್ತಾಳೆ. ಸ್ಕೋರ್ ಕೇಳುವುದಿಲ್ಲ. "ಮಿಡ್ ಆನ್ ಫೀಲ್ಡರ್ ಎಲ್ಲಿದ್ದಾನೆ?" ಅಂತ ಕೇಳುತ್ತಾಳೆ. ನೋಡಿ ಹೇಳುತ್ತೇನೆ. ಹೋದ ವಾರ ಅದರ ಕೆಳಗೇ ಇನ್ನೊಂದು ಸಾಲಿತ್ತು: "ಹೊಸ ಬೂಟು ತಗೊಂಡೆ." ಎಂಥ ಬೂಟು ಅಂತ ನಾನಿನ್ನೂ ಕೇಳಿಲ್ಲ. ನೋಟ್‌ಬುಕ್‌ನ ಬಲಗಡೆ ಬರೆದುಕೊಂಡಿದ್ದೇನೆ.